ರೋಸ್ ಏಲಿಂಗ್-ಎಲಿಸ್: ಧಾರಾವಾಹಿಯೊಳಗೆ ಬಂದ ಸನ್ನೆ ಭಾಷೆ

ಇಂಗ್ಲೆಂಡಿನ ಕಿರುತೆರೆಯ ಪಾಠದಲ್ಲಿ ರೋಸ್ ಏಲಿಂಗ್-ಎಲಿಸ್ ಅವರ ಹೆಸರು ಬಂದಾಗಲೆಲ್ಲ ‘ಕಿವುಡುತನವನ್ನು ಮೆಟ್ಟಿನಿಂತ ನಟಿ’ ಎಂಬ ವಿಶೇಷಣ ಬಾಲದಂತೆ ಅಂಟಿಕೊಂಡು ಬರುತ್ತದೆ. ಪರೀಕ್ಷೆಯ ಉತ್ತರದಲ್ಲಿ ಬರೆಯಲು ಅದು ಸುಲಭವಾದ ಮಾತು. ಆದರೆ ಅವರ ವೃತ್ತಿಯನ್ನು ವರ್ಷದಿಂದ ವರ್ಷಕ್ಕೆ ಹಿಂಬಾಲಿಸಿ ನೋಡಿದರೆ ಆ ಮಾತು ನಿಲ್ಲುವುದಿಲ್ಲ. ಅವರು ಹೋದಲ್ಲೆಲ್ಲ ಹೊಂದಿಕೊಳ್ಳಬೇಕಾದವರು ಸಂಭಾಷಣೆ ಬರೆಯುವವರು, ಕ್ಯಾಮೆರಾ ಇಡುವವರು, ನೃತ್ಯ ಕಲಿಸುವವರು. ಈ ಟಿಪ್ಪಣಿಯನ್ನು ಆ ದೃಷ್ಟಿಯಿಂದಲೇ ಸಿದ್ಧಪಡಿಸಿದ್ದೇನೆ.

ಮೊದಲು ಒಂದು ಪದದ ವಿಚಾರ. ‘ಕಿವುಡು’ ಎಂಬ ಪದ ಕನ್ನಡದಲ್ಲಿ ಬೈಗುಳದಂತೆಯೂ ಬಳಕೆಯಾಗುವುದರಿಂದ ನಾವು ‘ಶ್ರವಣದೋಷ’ ಎಂದು ಬರೆಯುವುದನ್ನು ರೂಢಿಸಿಕೊಂಡಿದ್ದೇವೆ. ಬ್ರಿಟನ್ನಿನಲ್ಲಿ ಸನ್ನೆ ಭಾಷೆಯನ್ನಾಡುವ ಬಹಳಷ್ಟು ಜನರು ತಮ್ಮನ್ನು ‘ಡೆಫ್’ ಎಂದೇ, ಒಂದು ಭಾಷಾ ಸಮುದಾಯದವರಾಗಿ, ಹೆಮ್ಮೆಯಿಂದ ಕರೆದುಕೊಳ್ಳುತ್ತಾರೆ. ‘ದೋಷ’ ಎನ್ನುವುದು ಅವರಿಗೆ ಒಪ್ಪಿಗೆಯಲ್ಲ. ಆದ್ದರಿಂದ ಇಲ್ಲಿ ಕಿವುಡು ಎಂಬ ಪದವನ್ನೇ ಉಳಿಸಿಕೊಂಡಿದ್ದೇನೆ.

ಧಾರಾವಾಹಿಗೆ ಇಂಗ್ಲಿಷಿನಲ್ಲಿರುವ ಸೋಪ್ ಒಪೆರಾ ಎಂಬ ಹೆಸರು 1930ರ ದಶಕದ ಅಮೆರಿಕದ ರೇಡಿಯೊದಿಂದ ಬಂದದ್ದು. ಹಗಲು ಹೊತ್ತಿನಲ್ಲಿ ಗೃಹಿಣಿಯರಿಗಾಗಿ ಪ್ರಸಾರವಾಗುತ್ತಿದ್ದ ಕಥಾಸರಣಿಗಳಿಗೆ ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್‌ನಂತಹ ಸೋಪು ತಯಾರಕರು ಹಣ ಒದಗಿಸುತ್ತಿದ್ದರು. ಬ್ರಿಟನ್ನಿನಲ್ಲಿ ಈ ಹೆಸರು ಉಳಿದರೂ ಸ್ವಭಾವ ಬೇರೆಯಾಯಿತು. ಅಲ್ಲಿನ ಧಾರಾವಾಹಿಗಳು ಶ್ರೀಮಂತರ ಮಹಲುಗಳನ್ನು ಬಿಟ್ಟು ದುಡಿಯುವ ವರ್ಗದ ಒಂದು ಬೀದಿ ಮತ್ತು ಆ ಬೀದಿಯ ಒಂದು ಪಬ್ಬನ್ನು ಕೇಂದ್ರವಾಗಿಟ್ಟುಕೊಂಡವು. 1960ರಲ್ಲಿ ಆರಂಭವಾದ ‘ಕೊರೊನೇಷನ್ ಸ್ಟ್ರೀಟ್’ ಈ ಮಾದರಿಯನ್ನು ಹಾಕಿಕೊಟ್ಟಿತು. 1985ರ ಫೆಬ್ರವರಿ 19ರಂದು ಬಿಬಿಸಿ ಆರಂಭಿಸಿದ ‘ಈಸ್ಟ್‌ಎಂಡರ್ಸ್’ ಅದನ್ನು ಲಂಡನ್ನಿನ ಪೂರ್ವ ಭಾಗದ ವಾಲ್‌ಫೋರ್ಡ್ ಎಂಬ ಕಲ್ಪಿತ ಊರಿಗೆ ತಂದಿತು. ಅದರ ಆಲ್ಬರ್ಟ್ ಚೌಕವಾಗಲಿ, ಕ್ವೀನ್ ವಿಕ್ ಎಂಬ ಪಬ್ಬಾಗಲಿ ನಿಜವಾದ ಲಂಡನ್ನಿನಲ್ಲಿಲ್ಲ. ಹರ್ಟ್‌ಫರ್ಡ್‌ಷೈರ್‌ನ ಎಲ್‌ಸ್ಟ್ರೀಯಲ್ಲಿ ಹಾಕಿದ ಸೆಟ್‌ನಲ್ಲಿವೆ. ಬ್ರಿಟನ್ನಿನ ಬಿಬಿಸಿ ವಾಹಿನಿಗಳಲ್ಲಿ ಜಾಹೀರಾತೇ ಇರುವುದಿಲ್ಲವಾದ್ದರಿಂದ, ಸೋಪನ್ನು ಮಾರದ ಸೋಪ್ ಇದು ಎಂಬುದು ನೆನಪಿನಲ್ಲಿಟ್ಟುಕೊಳ್ಳಲು ಒಳ್ಳೆಯ ತಮಾಷೆ.

ರೋಸ್ ಹುಟ್ಟಿದ್ದು 1994ರ ನವೆಂಬರ್ 17ರಂದು. ಅವರ ಊರು ಕೆಂಟ್ ಪ್ರಾಂತ್ಯದ ಕಡಲತೀರದ ಹೈತ್. ಅವರು ಹುಟ್ಟಿನಿಂದಲೇ ಕಿವುಡರು. ಹಿಯರಿಂಗ್ ಏಡ್ ಧರಿಸುತ್ತಾರೆ, ಮಾತನಾಡುತ್ತಾರೆ, ತುಟಿ ಓದುತ್ತಾರೆ, ಬ್ರಿಟಿಷ್ ಸನ್ನೆ ಭಾಷೆಯನ್ನೂ ಆಡುತ್ತಾರೆ. ಈ ಕೊನೆಯ ಮಾತು ಸಹಜವೆಂಬಂತೆ ಕಂಡರೂ ಅದರ ಹಿಂದೆ ದೊಡ್ಡ ಚರಿತ್ರೆಯಿದೆ. 1880ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಸೇರಿದ ಕಿವುಡರ ಶಿಕ್ಷಕರ ಅಂತರರಾಷ್ಟ್ರೀಯ ಸಮ್ಮೇಳನವು ಕಿವುಡ ಮಕ್ಕಳಿಗೆ ಬಾಯಿಮಾತಿನ ಮೂಲಕವೇ ಕಲಿಸಬೇಕು, ಸನ್ನೆಯನ್ನು ಕೈಬಿಡಬೇಕು ಎಂದು ನಿರ್ಣಯಿಸಿತು. ಅದರ ಪರಿಣಾಮವಾಗಿ ಯುರೋಪಿನ ಶಾಲೆಗಳಲ್ಲಿ ಹಲವು ತಲೆಮಾರುಗಳ ಮಕ್ಕಳು ಕೈಯಾಡಿಸಿದರೆ ಶಿಕ್ಷೆಗೆ ಗುರಿಯಾಗುತ್ತ, ತಮಗೆ ಕೇಳಿಸದ ಧ್ವನಿಗಳನ್ನು ಉಚ್ಚರಿಸುವುದರಲ್ಲೇ ಓದಿನ ವರ್ಷಗಳನ್ನು ಕಳೆದರು. ಸನ್ನೆ ಕಲಿತರೆ ಮಗು ಮಾತು ಕಲಿಯುವುದಿಲ್ಲ ಎಂಬ ನಂಬಿಕೆ ಅಲ್ಲಿಂದ ಬಹುಕಾಲ ಉಳಿಯಿತು. ಆ ಹಳೆಯ ನಿರ್ಣಯಗಳನ್ನು ಶಿಕ್ಷಕರ ಅದೇ ಸಮ್ಮೇಳನ ಪರಂಪರೆ ತಿರಸ್ಕರಿಸಿದ್ದು 2010ರಲ್ಲಿ, ವ್ಯಾಂಕೂವರ್‌ನಲ್ಲಿ. ಲೆಕ್ಕ ಹಾಕಿದರೆ 130 ವರ್ಷ.

ಸನ್ನೆ ಭಾಷೆಯೆಂದರೆ ಇಂಗ್ಲಿಷ್ ಮಾತನ್ನು ಕೈಯಲ್ಲಿ ತೋರಿಸುವುದು ಎಂದು ತಿಳಿಯುವ ತಪ್ಪನ್ನು ನಾವು ಮಾಡಬಾರದು. ಅದಕ್ಕೆ ತನ್ನದೇ ಪದಕ್ರಮವಿದೆ. ಹೆಸರನ್ನು ಕೇಳುವಾಗ ಇಂಗ್ಲಿಷಿನಲ್ಲಿ ಪ್ರಶ್ನಾರ್ಥಕ ಪದ ಮೊದಲು ಬರುತ್ತದೆ. ಬ್ರಿಟಿಷ್ ಸನ್ನೆ ಭಾಷೆಯಲ್ಲಿ ಅದು ಸಾಮಾನ್ಯವಾಗಿ ಕೊನೆಗೆ ಬರುತ್ತದೆ, ನಮ್ಮ ‘ನಿಮ್ಮ ಹೆಸರು ಏನು’ ಎಂಬ ವಾಕ್ಯದ ಹಾಗೆಯೇ. ಹುಬ್ಬು, ಕಣ್ಣು, ಭುಜಗಳ ಚಲನೆಯೂ ಅದರ ವ್ಯಾಕರಣದ ಭಾಗ. ಭಾರತೀಯ ಸನ್ನೆ ಭಾಷೆ ಬೇರೆಯೇ ಭಾಷೆಯಾದರೂ, ಎರಡು ಕೈಗಳಿಂದ ಇಂಗ್ಲಿಷ್ ಅಕ್ಷರಗಳನ್ನು ತೋರಿಸುವ ನಮ್ಮ ಕ್ರಮಕ್ಕೆ ಬ್ರಿಟಿಷ್ ಕ್ರಮದೊಡನೆ ನಂಟಿದೆ.

ನ್ಯಾಷನಲ್ ಡೆಫ್ ಚಿಲ್ಡ್ರನ್ಸ್ ಸೊಸೈಟಿ ಏರ್ಪಡಿಸಿದ್ದ ಚಿತ್ರನಿರ್ಮಾಣ ಶಿಬಿರವೊಂದರಲ್ಲಿ ಕಿವುಡ ನಿರ್ದೇಶಕ ಟೆಡ್ ಇವಾನ್ಸ್ ಅವರ ಪರಿಚಯವಾದದ್ದು ರೋಸ್ ಅವರ ನಟನೆಗೆ ದಾರಿಯಾಯಿತು. ಕಿರುಚಿತ್ರ, ರಂಗಭೂಮಿ, ಟಿವಿಯ ಸಣ್ಣ ಪಾತ್ರಗಳಲ್ಲಿ ಕೆಲವು ವರ್ಷಗಳು ಕಳೆದವು.

2020ರಲ್ಲಿ ಅವರು ಈಸ್ಟ್‌ಎಂಡರ್ಸ್‌ಗೆ ಫ್ರಾಂಕಿ ಲೂಯಿಸ್ ಎಂಬ ಪಾತ್ರವಾಗಿ ಬಂದರು. ಆ ವರ್ಷದ ಆರಂಭದಲ್ಲಿ ಥೇಮ್ಸ್ ನದಿಯ ದೋಣಿ ಅಪಘಾತದ ಕಥೆಯಲ್ಲಿ ಬೆನ್ ಮಿಚೆಲ್ ಎಂಬ ಪಾತ್ರ ಶ್ರವಣಶಕ್ತಿಯನ್ನು ಕಳೆದುಕೊಂಡಿತ್ತು. ಫ್ರಾಂಕಿಯ ಪ್ರವೇಶ ಅವನ ಸ್ನೇಹಿತೆಯಾಗಿ. ಪಾತ್ರ ಅಲ್ಲಿಗೇ ನಿಂತಿದ್ದರೆ ಅದು ಇನ್ನೊಬ್ಬನ ನೋವಿಗೆ ಸಮಾಧಾನ ಹೇಳುವ ಉಪಕರಣವಾಗಿ ಮುಗಿಯುತ್ತಿತ್ತು ಎಂಬುದು ನನ್ನ ಅನಿಸಿಕೆ. ಆದರೆ ಕಥೆ ಬೇರೆಡೆಗೆ ಹೊರಳಿತು. ಡ್ಯಾನಿ ಡೈಯರ್ ಅಭಿನಯಿಸುತ್ತಿದ್ದ, ಪಬ್ಬಿನ ಒಡೆಯ ಮಿಕ್ ಕಾರ್ಟರ್‌ನ ಮಗಳು ಫ್ರಾಂಕಿ ಎಂಬುದು ಬಯಲಾಯಿತು. ಮಿಕ್ ಬಾಲಕನಾಗಿದ್ದಾಗ ಅವನನ್ನು ನೋಡಿಕೊಳ್ಳಬೇಕಾಗಿದ್ದ ಮಹಿಳೆಯೇ ಅವನ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ್ದಳು, ಆಕೆಯೇ ಫ್ರಾಂಕಿಯ ತಾಯಿ. ಇಷ್ಟು ಭಾರವಾದ ಕೌಟುಂಬಿಕ ಕಥೆಯ ನಡುವೆ ಪಾತ್ರದ ಕಿವುಡುತನ ‘ಸಮಸ್ಯೆ’ಯಾಗಿ ಉಳಿಯದೆ ಒಬ್ಬ ವ್ಯಕ್ತಿಯ ಒಂದು ಗುಣವಾಗಿ ಹಿನ್ನೆಲೆಗೆ ಸರಿಯಿತು. ವಾರಕ್ಕೆ ಹಲವು ಸಂಜೆ ಮನೆಯೊಳಗೆ ಬರುವ ಧಾರಾವಾಹಿಗೆ ಮಾತ್ರ ಇಂಥ ಅಭ್ಯಾಸ ಮಾಡಿಸುವ ಶಕ್ತಿಯಿದೆ. ನಮ್ಮ ಸೀರಿಯಲ್ಲುಗಳನ್ನು ಮನೆಮಂದಿಯ ಜೊತೆ ಕೂತು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇನ್ನು ತಾಂತ್ರಿಕ ಅಂಶ. ಧಾರಾವಾಹಿಯ ಪ್ರಾಣ ಕ್ಲೋಸಪ್‌ನಲ್ಲಿದೆ. ಮುಖವನ್ನು ಹತ್ತಿರದಿಂದ ಹಿಡಿದರೆ ಭಾವನೆ ದಕ್ಕುತ್ತದೆ. ಸನ್ನೆ ಭಾಷೆಯ ಸಂಭಾಷಣೆಯನ್ನು ಹಾಗೆ ಹಿಡಿದರೆ ಕೈಗಳು ಚೌಕಟ್ಟಿನಿಂದ ಹೊರಗುಳಿದು, ಅರ್ಧ ಮಾತನ್ನೇ ಕತ್ತರಿಸಿದಂತಾಗುತ್ತದೆ. ಬೆನ್ನ ಹಿಂದಿನಿಂದ ಬರುವ ಮಾತು ಕಿವುಡ ನಟಿಗೆ ಸೂಚನೆಯಾಗಲಾರದು. ಎದುರಿನವರು ಮುಖ ತಿರುಗಿಸಿದರೆ ಸಂಭಾಷಣೆ ಅಲ್ಲಿಗೇ ತುಂಡಾಗುತ್ತದೆ. ಹೀಗಾಗಿ ಪಾತ್ರಗಳು ನಿಲ್ಲುವ ಜಾಗ, ಬೆಳಕು, ಸಂಕಲನದ ಲಯ, ದುಭಾಷಿಯ ಉಪಸ್ಥಿತಿ ಇವೆಲ್ಲವನ್ನೂ ಮೊದಲೇ ಯೋಚಿಸಬೇಕಾಗುತ್ತದೆ.

2021ರಲ್ಲಿ ಬಿಬಿಸಿಯ ‘ಸ್ಟ್ರಿಕ್ಟ್‌ಲಿ ಕಮ್ ಡ್ಯಾನ್ಸಿಂಗ್’ ಎಂಬ ನೃತ್ಯಸ್ಪರ್ಧೆಗೆ ಸೇರಿದಾಗ ಅವರು ಅದರ ಮೊದಲ ಕಿವುಡ ಸ್ಪರ್ಧಿಯಾದರು. ಜೊತೆಗಾರ ಇಟಲಿಯ ನರ್ತಕ ಜಿಯೊವಾನಿ ಪೆರ್ನೀಚೆ. ಕೇಳಿಸದವರು ಕುಣಿಯುವುದು ಹೇಗೆ ಎಂಬ ಪ್ರಶ್ನೆಯನ್ನು ಎಲ್ಲರೂ ಕೇಳಿದರು. ಹಿಯರಿಂಗ್ ಏಡ್ ಮೂಲಕ ತಾಳದ ಹೊಡೆತ ಅವರಿಗೆ ತಿಳಿಯುತ್ತಿತ್ತು, ಸಾಹಿತ್ಯ ತಿಳಿಯುತ್ತಿರಲಿಲ್ಲ. ಉಳಿದದ್ದು ಎಣಿಕೆ, ನೆನಪು ಮತ್ತು ಜೊತೆಗಾರನ ದೇಹ ಕೊಡುವ ಸುಳಿವು. ಆರನೆಯ ವಾರ ಅವರ ಟ್ಯಾಂಗೊ ನೃತ್ಯಕ್ಕೆ 40ಕ್ಕೆ 40 ಅಂಕಗಳು ಬಂದವು. ಆ ಸ್ಪರ್ಧೆಯಲ್ಲಿ ಅಷ್ಟು ಬೇಗ ಪೂರ್ಣಾಂಕ ಅದುವರೆಗೆ ಯಾರಿಗೂ ಬಂದಿರಲಿಲ್ಲ. ನವೆಂಬರ್ 13ರ ನೃತ್ಯವಂತೂ ಪಠ್ಯದಂತೆ ಮತ್ತೆ ಮತ್ತೆ ನೋಡಬೇಕಾದದ್ದು. ನಡುವೆ ಸಂಗೀತ ಪೂರ್ತಿ ನಿಲ್ಲುತ್ತದೆ. ಇಬ್ಬರೂ ಕೆಲವು ಕ್ಷಣ ನಿಶ್ಶಬ್ದದಲ್ಲಿಯೇ ಕುಣಿಯುತ್ತಾರೆ. ಬಳಿಕ ಹಾಡು ಮರಳುತ್ತದೆ. ಅಲ್ಲಿಯವರೆಗೆ ಕಿವಿ ಕೇಳಿಸುವವರು ಕಿವುಡರ ಬಗ್ಗೆ ಯೋಚಿಸುತ್ತಿದ್ದರೆ, ಆ ಕ್ಷಣಗಳಲ್ಲಿ ಅವರೇ ಕಿವುಡರ ಜಾಗದಲ್ಲಿದ್ದರು. ಡಿಸೆಂಬರ್ 18ರಂದು ಈ ಜೋಡಿ ಸ್ಪರ್ಧೆಯನ್ನು ಗೆದ್ದಿತು. ಮರುವರ್ಷ ಬ್ರಿಟನ್ನಿನ ಚಲನಚಿತ್ರ ಮತ್ತು ಟಿವಿ ಅಕಾಡೆಮಿಯ ಬಾಫ್ಟಾ ಪ್ರಶಸ್ತಿಗಳಲ್ಲಿ ಪ್ರೇಕ್ಷಕರ ಮತದಿಂದ ನಿರ್ಧಾರವಾಗುವ ಪ್ರಶಸ್ತಿ ಆ ನಿಶ್ಶಬ್ದದ ನೃತ್ಯಕ್ಕೆ ಸಂದಿತು.

ಇದಾದ ಕೆಲವೇ ತಿಂಗಳಲ್ಲಿ, 2022ರ ಏಪ್ರಿಲ್ 28ರಂದು, ಬ್ರಿಟಿಷ್ ಸನ್ನೆ ಭಾಷಾ ಕಾಯ್ದೆಗೆ ರಾಜಮುದ್ರೆ ಬಿತ್ತು. ನೃತ್ಯಸ್ಪರ್ಧೆಯಿಂದಲೇ ಕಾಯ್ದೆ ಬಂತೆಂದು ಬರೆದರೆ ಅಂಕ ಕಳೆಯುತ್ತದೆ. ಸಮುದಾಯದ ಹೋರಾಟ ದಶಕಗಳದು. 2003ರಲ್ಲಿಯೇ ಸರ್ಕಾರ ಬ್ರಿಟಿಷ್ ಸನ್ನೆ ಭಾಷೆಯನ್ನು ಒಂದು ಭಾಷೆಯೆಂದು ಒಪ್ಪಿತ್ತು, ಆದರೆ ಕಾನೂನಿನ ಬಲವಿರಲಿಲ್ಲ. ಮಸೂದೆಯನ್ನು ಮಂಡಿಸಿದವರು ಕಿವುಡ ತಂದೆತಾಯಿಯ ಮಗಳಾದ ಸಂಸದೆ ರೋಸಿ ಕೂಪರ್. ರೋಸ್ ಈ ಚಳವಳಿಯನ್ನು ಬೆಂಬಲಿಸಿದರು, ಅವರ ಜನಪ್ರಿಯತೆ ಅದಕ್ಕೆ ಕಾಲೋಚಿತವಾಗಿ ಒದಗಿತು ಎನ್ನುವುದೇ ಸರಿಯಾದ ಹೇಳಿಕೆ. ಕಾಯ್ದೆಯ ಮಿತಿಯನ್ನೂ ಗಮನಿಸಬೇಕು: ಅದು ಭಾಷೆಯನ್ನು ಮಾನ್ಯಮಾಡಿ, ಸರ್ಕಾರಿ ಇಲಾಖೆಗಳು ಅದರ ಬಳಕೆಗಾಗಿ ಏನು ಮಾಡಿದವು ಎಂದು ವರದಿ ಮಾಡುವಂತೆ ವಿಧಿಸುತ್ತದೆಯೇ ಹೊರತು, ಆಸ್ಪತ್ರೆಗೆ ಹೋದ ಕಿವುಡ ವ್ಯಕ್ತಿಯ ಪಕ್ಕದಲ್ಲಿ ದುಭಾಷಿಯನ್ನು ತಾನೇ ತಂದು ನಿಲ್ಲಿಸುವುದಿಲ್ಲ.

ಅದೇ ವರ್ಷ ಮಕ್ಕಳ ವಾಹಿನಿ ಸಿಬೀಬೀಸ್‌ನ ಮಲಗುವ ಹೊತ್ತಿನ ಕಥೆಯನ್ನು ಅವರು ಮೊದಲ ಬಾರಿಗೆ ಸನ್ನೆ ಭಾಷೆಯಲ್ಲಿ ಹೇಳಿದರು. ಆಗಸ್ಟ್‌ನಲ್ಲಿ ಎಡಿನ್‌ಬರೊ ಟಿವಿ ಉತ್ಸವದ ಉಪನ್ಯಾಸದಲ್ಲಿ ಕಿವುಡರು ಪರದೆಯ ಮೇಲಷ್ಟೇ ಅಲ್ಲ, ಪರದೆಯ ಹಿಂದೆಯೂ ಇರಬೇಕೆಂದು ವಾದಿಸಿದರು. ಶರತ್ಕಾಲದಲ್ಲಿ ಈಸ್ಟ್‌ಎಂಡರ್ಸ್ ಬಿಟ್ಟರು. ಬಳಿಕ ಲಂಡನ್ನಿನ ಸೊಹೊಪ್ಲೇಸ್ ರಂಗಮಂದಿರದಲ್ಲಿ ಷೇಕ್ಸ್‌ಪಿಯರ್‌ನ ‘ಆ್ಯಸ್ ಯು ಲೈಕ್ ಇಟ್’ ನಾಟಕದ ಸೀಲಿಯಾ ಪಾತ್ರಕ್ಕೆ ಲಂಡನ್ ರಂಗಭೂಮಿಯ ಆಲಿವಿಯೇ ಪ್ರಶಸ್ತಿಯ ನಾಮನಿರ್ದೇಶನ ಪಡೆದರು. 2024ರಲ್ಲಿ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನ ನೇರಪ್ರಸಾರವನ್ನು ಚಾನೆಲ್ 4ಗಾಗಿ ನಿರೂಪಿಸಿದರು.

2025ರಲ್ಲಿ ಅವರು ‘ಡಾಕ್ಟರ್ ಹೂ’ ಎಂಬ ವಿಜ್ಞಾನಕಥಾ ಸರಣಿಯ ಒಂದು ಸಂಚಿಕೆಯಲ್ಲೂ, ಕಿವುಡ ಲೇಖಕ ವಿಲಿಯಂ ಮೇಗರ್ ಇಂಗ್ಲಿಷ್ ಮತ್ತು ಬ್ರಿಟಿಷ್ ಸನ್ನೆ ಭಾಷೆಗಳಲ್ಲಿ ಬರೆದ ದ್ವಿಭಾಷಾ ಸರಣಿ ‘ರಿಯೂನಿಯನ್’ನಲ್ಲೂ ಕಾಣಿಸಿಕೊಂಡರು. ಅಧ್ಯಯನಕ್ಕೆ ಹೆಚ್ಚು ಒದಗುವುದು ಅದೇ ವರ್ಷ ಐಟಿವಿಯಲ್ಲಿ ಬಂದ ‘ಕೋಡ್ ಆಫ್ ಸೈಲೆನ್ಸ್’. ಇದರಲ್ಲಿ ಅವರದು ಪೊಲೀಸ್ ಠಾಣೆಯ ಕ್ಯಾಂಟೀನಿನಲ್ಲಿ ಕೆಲಸ ಮಾಡುವ ಆಲಿಸನ್ ಎಂಬ ಪಾತ್ರ. ಕಣ್ಗಾವಲಿನ ದೃಶ್ಯಗಳಲ್ಲಿ ಶಂಕಿತರ ತುಟಿ ಓದಿ ತನಿಖೆಗೆ ನೆರವಾಗುವುದು ಕಥೆ. ತುಟಿ ಓದುವುದು ಪುಸ್ತಕ ಓದಿದಂತೆ ಸಲೀಸಲ್ಲ ಎಂಬುದನ್ನು ಕನ್ನಡದಲ್ಲೇ ಪರೀಕ್ಷಿಸಬಹುದು. ಕನ್ನಡಿಯ ಮುಂದೆ ನಿಂತು, ಧ್ವನಿ ಹೊರಡಿಸದೆ, ‘ಬರೆ’, ‘ಮರೆ’, ‘ಪರೆ’ ಎಂದು ಹೇಳಿ ನೋಡಿ; ಮೂರೂ ಒಂದೇ ರೀತಿ ಕಾಣುತ್ತವೆ. ಕ, ಗ ಮುಂತಾದ ಧ್ವನಿಗಳು ಬಾಯಿಯ ಹಿಂಭಾಗದಲ್ಲಿ ಹುಟ್ಟುವುದರಿಂದ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಉಳಿದದ್ದನ್ನು ಸಂದರ್ಭ ಹಿಡಿದು ಊಹಿಸಬೇಕು. ಸರಣಿಯಲ್ಲಿ ಆಲಿಸನ್ ತುಟಿ ಓದುವಾಗ ಪರದೆಯ ಮೇಲೆ ಮೊದಲು ಚದುರಿದ ಅಕ್ಷರಗಳು ಮೂಡಿ, ತಪ್ಪು ಪದಗಳಾಗಿ, ತಿದ್ದಿಕೊಂಡು, ನಿಧಾನವಾಗಿ ಒಂದು ವಾಕ್ಯಕ್ಕೆ ಬಂದು ನಿಲ್ಲುತ್ತವೆ. ಕೆಲವು ಸಲ ವಾಕ್ಯ ಪೂರ್ತಿಯಾಗುವ ಮೊದಲೇ ಮಾತಾಡುತ್ತಿದ್ದವನು ಬೆನ್ನು ತಿರುಗಿಸಿಬಿಡುತ್ತಾನೆ.