ಲಗ್ನಪತ್ರಿಕೆ ಅಚ್ಚಿಗೆ ಹೋಗುವ ಮುನ್ನ ಕೇಳಬೇಕಾದ ವೀಸಾ ಪ್ರಶ್ನೆ

ಸಂಗಾತಿ ವೀಸಾ ಕೇಳಿಕೊಂಡು ನನ್ನ ಕಚೇರಿಗೆ ಬರುವವರಲ್ಲಿ ಹೆಚ್ಚಿನವರು ಛತ್ರಕ್ಕೆ ಮುಂಗಡ ಕೊಟ್ಟ ಮೇಲೆ ಬರುತ್ತಾರೆ. ಕೆಲವರು ಮದುವೆಯನ್ನೂ ಮುಗಿಸಿ ಆಲ್ಬಮ್ ಹಿಡಿದುಕೊಂಡೇ ಬರುತ್ತಾರೆ. ಕೇಳುವುದು ಒಂದೇ: ಯಾವ ವೀಸಾ ಬೇಗ ಆಗುತ್ತದೆ, ಎಷ್ಟು ಖರ್ಚಾಗುತ್ತದೆ? ಉತ್ತರ ಕೊಡಬಹುದು. ಆದರೆ ಅಷ್ಟು ಹೊತ್ತಿಗೆ ಆಯ್ಕೆಯ ಬಹುಪಾಲು ಕೈತಪ್ಪಿ ಹೋಗಿರುತ್ತದೆ. ಮದುವೆ ಯಾವ ದಿನ ಆಯಿತು, ಯಾವ ಕಾನೂನಿನಡಿ ಆಯಿತು, ಆ ದಿನ ವಿದೇಶದಲ್ಲಿದ್ದವರ ಕೈಯಲ್ಲಿ ಯಾವ ಕಾಗದ ಇತ್ತು ಎಂಬುದರ ಮೇಲೆ ದಾರಿ ನಿರ್ಧಾರವಾಗುತ್ತದೆ. ಶುಲ್ಕದ ಲೆಕ್ಕ ಅದರ ಹಿಂದೆ ಬರುತ್ತದೆ.

ಅಮೆರಿಕದಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಗೊಂದಲ ಅಲ್ಲೇ ಹೆಚ್ಚು. ‘ಹುಡುಗನಿಗೆ ಗ್ರೀನ್ ಕಾರ್ಡ್ ಇದೆ’ ಎಂದು ಜಾತಕದ ಜೊತೆಗೇ ಹೇಳಿ ಕಳುಹಿಸುವುದು ನಮ್ಮಲ್ಲಿ ರೂಢಿ. ಹುಡುಗಿಯ ಮನೆಯವರಿಗೆ ಕಾಯಂ ವಾಸದ ಆ ಕಾರ್ಡು ತಾತ್ಕಾಲಿಕ ಉದ್ಯೋಗದ ಎಚ್-1ಬಿ ವೀಸಾಕ್ಕಿಂತ ಗಟ್ಟಿ ಸಂಬಂಧದಂತೆ ಕಾಣುತ್ತದೆ. ಒಟ್ಟಿಗೆ ಸಂಸಾರ ಹೂಡುವ ಮಟ್ಟಿಗೆ ಮಾತ್ರ ವಾಸ್ತವ ತಿರುಗುಮುರುಗಾಗಿದೆ. ಎಚ್-1ಬಿಯಲ್ಲಿರುವವರ ಹೆಂಡತಿ ಅಥವಾ ಗಂಡ 205 ಡಾಲರ್ ಶುಲ್ಕ ಕಟ್ಟಿ ಎಚ್-4 ವೀಸಾಕ್ಕೆ ಅರ್ಜಿ ಹಾಕಬಹುದು. ಅದಕ್ಕೆ ವಾರ್ಷಿಕ ಮಿತಿ ಇಲ್ಲ. ಗ್ರೀನ್ ಕಾರ್ಡ್ ಇರುವವರ ಸಂಗಾತಿಯಾದರೋ ಎಫ್-2ಎ ಎಂಬ ವರ್ಗದ ಸರದಿಯಲ್ಲಿ ನಿಲ್ಲಬೇಕು. ಅದಕ್ಕೆ ವರ್ಷಕ್ಕೆ ಇಷ್ಟೇ ಎಂಬ ಮಿತಿ ಇದೆ, ಕಾಯುವಿಕೆ ವರ್ಷಗಳ ಲೆಕ್ಕದಲ್ಲಿರುತ್ತದೆ. ನಡುವೆ ಪ್ರವಾಸಿ ವೀಸಾದಲ್ಲಿ ಹೋಗಿ ಬರೋಣ ಎಂದರೆ, ಅಲ್ಲೇ ನೆಲೆಸುವ ಉದ್ದೇಶವನ್ನು ನೀವೇ ಅರ್ಜಿಯಲ್ಲಿ ಬರೆದುಕೊಟ್ಟಿರುತ್ತೀರಿ; ಅಧಿಕಾರಿ ಅದನ್ನೇ ಎತ್ತಿ ತೋರಿಸಿ ನಿರಾಕರಿಸಬಹುದು. ಪತಿ ಅಥವಾ ಪತ್ನಿ ಅಮೆರಿಕದ ಪೌರರಾಗಿದ್ದರೆ ಸರದಿಯ ಕಾಟ ಇಲ್ಲ. ಅರ್ಜಿ ಪರಿಶೀಲನೆಗೆ ಬೇಕಾಗುವ ಸಮಯವಷ್ಟೇ.

ಇದರೊಳಗೆ ಬಹುತೇಕರಿಗೆ ತಿಳಿಯದ ಇನ್ನೊಂದು ಸೂಕ್ಷ್ಮವಿದೆ. ಉದ್ಯೋಗದ ಮೂಲಕ ಗ್ರೀನ್ ಕಾರ್ಡ್ ಪಡೆಯುವವರು, ಅದು ಮಂಜೂರಾಗುವ ಮೊದಲೇ ಮದುವೆಯಾಗಿದ್ದರೆ, ಸಂಗಾತಿಗೆ ಅದೇ ಅರ್ಜಿಯ ಬಲದಲ್ಲಿ, ಅದೇ ಸರದಿಯ ದಿನಾಂಕದಲ್ಲಿ ಹಿಂಬಾಲಿಸಿ ಹೋಗುವ ಹಕ್ಕು ಇರುತ್ತದೆ. ಮಂಜೂರಾದ ಮಾರನೆಯ ದಿನ ಮದುವೆಯಾದರೆ ಆ ಹಕ್ಕು ಇಲ್ಲ. ಎಫ್-2ಎ ಸಾಲೇ ಗತಿ. ಆಷಾಢ ಬೇಡ, ಶ್ರಾವಣಕ್ಕೆ ಇಟ್ಟುಕೊಳ್ಳೋಣ ಎಂದು ಮುಹೂರ್ತ ಮುಂದೂಡುವ ಮನೆಯವರು ಪುರೋಹಿತರನ್ನು ಕೇಳುವ ಜೊತೆಗೆ ಹುಡುಗನ ಗ್ರೀನ್ ಕಾರ್ಡ್ ಅರ್ಜಿ ಯಾವ ಹಂತದಲ್ಲಿದೆ ಎಂದೂ ಕೇಳಿಕೊಳ್ಳಬೇಕು. ಪಂಚಾಂಗದ ಒಂದು ತಿಂಗಳು ಇಲ್ಲಿ ಎರಡು ಮೂರು ವರ್ಷಗಳ ಅಗಲಿಕೆಯಾಗಬಹುದು.

ಪೌರರನ್ನು ಮದುವೆಯಾಗುವವರಿಗೆ ಎರಡು ದಾರಿ. ಮದುವೆಯಾಗಿ ಐ-130 ಅರ್ಜಿಯ ಮೂಲಕ ಸಂಗಾತಿಯಾಗಿ ಹೋಗುವುದು ಒಂದು. ನಿಶ್ಚಿತಾರ್ಥದ ಆಧಾರದಲ್ಲಿ ಕೆ-1 ವೀಸಾ ಪಡೆದು ಅಲ್ಲಿಗೆ ಹೋಗಿ 90 ದಿನಗಳೊಳಗೆ ಮದುವೆಯಾಗುವುದು ಇನ್ನೊಂದು. ಕೆ-1 ಬೇಗ ಆಗುತ್ತದೆ, ಅಗ್ಗ ಎಂಬ ಮಾತು ಬೆಂಗಳೂರಿನ ಏಜೆಂಟರ ಬಾಯಲ್ಲಿ ಇನ್ನೂ ಓಡಾಡುತ್ತಿದೆ. 2024ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ದರಗಳನ್ನೇ ಕೂಡಿಸಿ ನೋಡಿ. ಸಂಗಾತಿಯ ದಾರಿಯಲ್ಲಿ ಆನ್‌ಲೈನ್ ಐ-130ಕ್ಕೆ 625 ಡಾಲರ್, ವಲಸೆ ವೀಸಾ ಶುಲ್ಕ 325, ಆರ್ಥಿಕ ಹೊಣೆಪತ್ರದ ಪರಿಶೀಲನೆಗೆ 120, ಗ್ರೀನ್ ಕಾರ್ಡ್ ಮುದ್ರಣವೂ ಸೇರಿದ ಕೊನೆಯ ಶುಲ್ಕ 235. ಒಟ್ಟು 1,305 ಡಾಲರ್. ಕೆ-1ರಲ್ಲಿ ಮೊದಲ ಅರ್ಜಿಗೆ 675, ವೀಸಾಕ್ಕೆ 265, ಅಲ್ಲಿ ಮದುವೆಯಾದ ಮೇಲೆ ಗ್ರೀನ್ ಕಾರ್ಡಿಗಾಗಿ ಸ್ಥಾನಮಾನ ಬದಲಾವಣೆಗೆ 1,440, ಒಟ್ಟು 2,380. ವೈದ್ಯಕೀಯ ತಪಾಸಣೆ ಎರಡರಲ್ಲೂ ಬೇರೆ. ಸಂಗಾತಿ ವೀಸಾದಲ್ಲಿ ಇಳಿದವರು ಮೊದಲ ದಿನದಿಂದಲೇ ಕೆಲಸ ಮಾಡಬಹುದು. ಕೆ-1ರಲ್ಲಿ ಹೋದವರು ಕೆಲಸದ ಪರವಾನಗಿ ಬರುವ ತನಕ ಮನೆಯಲ್ಲೇ ಕೂರಬೇಕು. ಇಲ್ಲಿ ಒಳ್ಳೆಯ ಉದ್ಯೋಗ ಬಿಟ್ಟು ಹೋಗುವ ಹುಡುಗಿಗೆ ಆ ಖಾಲಿ ತಿಂಗಳುಗಳ ಸಂಬಳವೂ ಶುಲ್ಕವೇ.

ಹಣಕ್ಕಿಂತ ದೊಡ್ಡ ತೊಡಕು ನಮ್ಮ ನಿಶ್ಚಿತಾರ್ಥದ ಸ್ವರೂಪದಲ್ಲಿದೆ. ಕೆ-1 ಇರುವುದು ಅವಿವಾಹಿತರಿಗೆ. ತಟ್ಟೆ ಬದಲಾಯಿಸಿ ತಾಂಬೂಲ ಕೊಟ್ಟು ಮುಗಿಸುತ್ತಿದ್ದ ಶಾಸ್ತ್ರ ಈಗ ವೇದಿಕೆ, ಹೂವಿನ ಮಂಟಪ, ಹಾರ ಬದಲಾವಣೆ, ಐನೂರು ಜನರ ಊಟದವರೆಗೆ ಬೆಳೆದಿದೆ. ಆ ಚಿತ್ರಗಳನ್ನು ನೋಡುವ ಅಧಿಕಾರಿಗೆ ಇದು ಮದುವೆಯಲ್ಲವೆಂದು ಒಪ್ಪಿಸುವುದು ಸುಲಭವಲ್ಲ. ಅದಕ್ಕಿಂತ ಅಪಾಯಕಾರಿ ಎಂದರೆ, ‘ಧಾರೆ ಎರೆದು ಬಿಡೋಣ, ರಿಜಿಸ್ಟರ್ ಮಾತ್ರ ಬೇಡ, ಕೆ-1 ಹಾಕೋಣ’ ಎಂಬ ಸಲಹೆ. ಹಿಂದೂ ವಿವಾಹ ಸಿಂಧುವಾಗುವುದು ಶಾಸ್ತ್ರದಿಂದ. ನೋಂದಣಿ ಅದರ ಸಾಕ್ಷಿ ಮಾತ್ರ. ತಾಳಿ ಕಟ್ಟಿ ಸಪ್ತಪದಿ ತುಳಿದವರು ಅರ್ಜಿಯಲ್ಲಿ ಅವಿವಾಹಿತರೆಂದು ಬರೆದರೆ ಅದು ಸುಳ್ಳು ಹೇಳಿಕೆ, ಮುಂದಿನ ಎಲ್ಲ ಅರ್ಜಿಗಳಿಗೂ ಅಂಟಿಕೊಳ್ಳುವ ಕಲೆ. ಕೆ-1ಕ್ಕೆ ಇನ್ನೊಂದು ಷರತ್ತೂ ಇದೆ: ಅರ್ಜಿಗೆ ಹಿಂದಿನ ಎರಡು ವರ್ಷಗಳಲ್ಲಿ ಇಬ್ಬರೂ ಮುಖಾಮುಖಿ ಭೇಟಿಯಾಗಿರಬೇಕು. ವಿಡಿಯೊ ಕರೆ ಲೆಕ್ಕಕ್ಕಿಲ್ಲ.

ಇದರ ಕನ್ನಡಿ ಪ್ರತಿಬಿಂಬದಂಥ ತಪ್ಪು ಇನ್ನೂ ಸಾಮಾನ್ಯ. ಹುಡುಗನಿಗೆ ರಜೆ ಇಲ್ಲ, ಮದುವೆ ಡಿಸೆಂಬರ್‌ಗೆ. ಅಷ್ಟರೊಳಗೆ ವೀಸಾ ಕೆಲಸ ಮುಗಿಯಲೆಂದು ಈಗಲೇ ಉಪನೋಂದಣಾಧಿಕಾರಿ ಕಚೇರಿಗೆ ಹೋಗಿ, ಎಲ್ಲೋ ಮದುವೆ ನಡೆದಿದೆ ಎಂದು ಬರೆಸಿ, ಹಿಂದೂ ವಿವಾಹ ಕಾಯ್ದೆಯ 8ನೇ ಸೆಕ್ಷನ್ನಿನಡಿ ಪ್ರಮಾಣಪತ್ರ ಪಡೆಯುವುದು. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ನ್ಯಾಯಮೂರ್ತಿ ಆಗಸ್ಟಿನ್ ಜಾರ್ಜ್ ಮಸೀಹ್ ಅವರ ಪೀಠ ಈ ಅಭ್ಯಾಸವನ್ನೇ ಹೆಸರಿಸಿ, ವೀಸಾ ಅರ್ಜಿಗಾಗಿ ಹೀಗೆ ಮುಂಚೆ ನೋಂದಾಯಿಸುವುದನ್ನು ಖಂಡಿಸಿತು. ಶಾಸ್ತ್ರ ನಡೆಯದೆ ಪಡೆದ ಪ್ರಮಾಣಪತ್ರದಿಂದ ಹಿಂದೂ ವಿವಾಹ ಹುಟ್ಟುವುದಿಲ್ಲ ಎಂದಿತು. ವೀಸಾ ಬಂದರೂ ಅದರ ಬುಡವೇ ಇಲ್ಲವೆಂದಾಯಿತು. ಮುಂದೆ ವೈಮನಸ್ಸು ಬಂದಾಗ ಒಂದು ಕಡೆಯವರು ಈ ತೀರ್ಪನ್ನು ಹಿಡಿದು ನ್ಯಾಯಾಲಯಕ್ಕೆ ಹೋಗದೇ ಇರುವುದಿಲ್ಲ.

ನಿಜವಾಗಿಯೂ ಅವಸರವಿದ್ದರೆ ನೆಟ್ಟಗಿನ ದಾರಿ 1954ರ ವಿಶೇಷ ವಿವಾಹ ಕಾಯ್ದೆ. ಅಲ್ಲಿ ಅಧಿಕಾರಿಯ ಎದುರು ನಡೆಯುವುದೇ ಮದುವೆ. ಛತ್ರದ ಸಂಭ್ರಮ ಡಿಸೆಂಬರ್‌ನಲ್ಲಿ ಧಾರಾಳವಾಗಿ ನಡೆಯಲಿ. ಒಂದೇ ಕಷ್ಟ: ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ ಹಿಂದಿನ 30 ದಿನ ವಾಸವಿದ್ದಿರಬೇಕು, ನೋಟಿಸ್ ಪ್ರಕಟವಾಗಿ 30 ದಿನ ಕಳೆಯಬೇಕು, ಮೂರು ತಿಂಗಳೊಳಗೆ ಮದುವೆ ಮುಗಿಯಬೇಕು. ಎರಡು ವಾರದ ರಜೆಯಲ್ಲಿ ಬಂದವರಿಗೆ ಇದು ಒಗ್ಗುವುದಿಲ್ಲ. ಮತ್ತು ವೀಸಾಕ್ಕೆ ಲೆಕ್ಕವಾಗುವ ಮದುವೆಯ ದಿನಾಂಕ ಕಚೇರಿಯದು, ಛತ್ರದ್ದಲ್ಲ. ಅರ್ಜಿಯಲ್ಲಿ ಒಂದು ದಿನಾಂಕ, ಲಗ್ನಪತ್ರಿಕೆಯಲ್ಲಿ ಇನ್ನೊಂದು ಇದ್ದರೆ ಅದಕ್ಕೆ ವಿವರಣೆಯ ಒಂದು ಪುಟ ಜೊತೆಗಿರಲಿ.

ಬ್ರಿಟನ್ನಿನಲ್ಲಿ ಕಥೆಯೆಲ್ಲ ದುಡ್ಡಿನದು. ಅಲ್ಲಿನ ಪೌರರ ಅಥವಾ ಕಾಯಂ ವಾಸಿಗಳ ಸಂಗಾತಿಯಾಗಿ ಹೋಗುವವರಿಗೆ 2025ರ ಏಪ್ರಿಲ್‌ನ ದರದಂತೆ ಅರ್ಜಿ ಶುಲ್ಕ 1,938 ಪೌಂಡ್. ಅದನ್ನು ನೋಡಿ ಲೆಕ್ಕ ಹಾಕಿಕೊಂಡವರಿಗೆ ಆನ್‌ಲೈನ್ ಅರ್ಜಿಯ ಕೊನೆಯಲ್ಲಿ, ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಗೆಂದು ಕಟ್ಟುವ ಆರೋಗ್ಯ ಸರ್‌ಚಾರ್ಜ್ ಎದುರಾಗುತ್ತದೆ: ವರ್ಷಕ್ಕೆ 1,035 ಪೌಂಡ್, 33 ತಿಂಗಳ ವೀಸಾಕ್ಕೆ ಮೂರು ವರ್ಷದ ಲೆಕ್ಕ, 3,105 ಪೌಂಡ್, ಒಂದೇ ಕಂತಿನಲ್ಲಿ. ಒಟ್ಟು 5,043. ನಿರಾಕರಣೆಯಾದರೆ ಸರ್‌ಚಾರ್ಜ್ ಹಿಂತಿರುಗುತ್ತದೆ, ಅರ್ಜಿ ಶುಲ್ಕ ಹಿಂತಿರುಗುವುದಿಲ್ಲ. ನಿಶ್ಚಿತ ವರ ಅಥವಾ ವಧುವಾಗಿ ಆರು ತಿಂಗಳ ವೀಸಾದಲ್ಲಿ ಹೋದರೆ ಸರ್‌ಚಾರ್ಜ್ ಆಗ ಇಲ್ಲ ನಿಜ. ಆದರೆ ಅದೇ 1,938 ಕಟ್ಟಿ, ಕೆಲಸ ಮಾಡುವ ಹಕ್ಕಿಲ್ಲದೆ ಕೂತು, ಮದುವೆಯಾದ ಮೇಲೆ ಒಳಗಿನಿಂದ ಮತ್ತೆ 1,321 ಪೌಂಡ್ ಅರ್ಜಿ ಶುಲ್ಕವನ್ನೂ ಸರ್‌ಚಾರ್ಜನ್ನೂ ತೆರಬೇಕು. ಬೆಂಗಳೂರಿನಲ್ಲೇ ಮದುವೆ ಮಾಡಿಕೊಳ್ಳುವವರಿಗೆ ಈ ದಾರಿಯಲ್ಲಿ ಯಾವ ಲಾಭವೂ ನನಗೆ ಕಾಣುವುದಿಲ್ಲ.

ಆದಾಯದ ಷರತ್ತು 2024ರ ಏಪ್ರಿಲ್ 11ರಂದು ವರ್ಷಕ್ಕೆ 18,600 ಪೌಂಡಿನಿಂದ 29,000ಕ್ಕೆ ಜಿಗಿಯಿತು. ಇಲ್ಲಿಂದ ಅರ್ಜಿ ಹಾಕುವಾಗ ಆ ಆದಾಯ ಬ್ರಿಟನ್ನಿನಲ್ಲಿರುವ ಸಂಗಾತಿಯದ್ದಾಗಿರಬೇಕು. ವೈಟ್‌ಫೀಲ್ಡಿನ ಕಂಪನಿಯಲ್ಲಿ ಹುಡುಗನಿಗಿಂತ ಹೆಚ್ಚು ಸಂಬಳ ಎಣಿಸುವ ಹುಡುಗಿಯ ಪೇ ಸ್ಲಿಪ್ ಇಲ್ಲಿ ಕಾಸಿನ ಕೆಲಸಕ್ಕೂ ಬಾರದು. ಅವಳ ಉಳಿತಾಯ ಮಾತ್ರ ಲೆಕ್ಕಕ್ಕೆ ಬರುತ್ತದೆ. ಸಂಬಳವೇ ಇಲ್ಲದಿದ್ದರೆ 88,500 ಪೌಂಡಿನಷ್ಟು ಹಣ ಆರು ತಿಂಗಳು ಖಾತೆಯಲ್ಲಿ ಕೂತಿರಬೇಕು. ಅಪ್ಪ ಕೊಟ್ಟ ಹಣವಾದರೂ ಸರಿ, ಆದರೆ ಅರ್ಜಿಯ ಹಿಂದಿನ ವಾರ ಬಂದು ಬಿದ್ದದ್ದಾಗಬಾರದು. ಇದರ ಜೊತೆಗೆ ಅನುಮೋದಿತ ಕೇಂದ್ರದಲ್ಲಿ ಮಾಡಿಸಿದ ಕ್ಷಯರೋಗ ತಪಾಸಣೆಯ ಪ್ರಮಾಣಪತ್ರ, ಎ1 ಎಂಬ ಆರಂಭಿಕ ಮಟ್ಟದ ಇಂಗ್ಲಿಷ್ ಪರೀಕ್ಷೆ ಅಥವಾ ಇಂಗ್ಲಿಷ್ ಮಾಧ್ಯಮದ ಪದವಿಗೆ ಮಾನ್ಯತೆ. ಹುಡುಗ ಕೌಶಲ ಉದ್ಯೋಗದ ವೀಸಾದಲ್ಲಿದ್ದರೆ ಇದು ಬೇರೆಯೇ ಬಾಗಿಲು: ಮೂರು ವರ್ಷದವರೆಗಿನ ಅವಲಂಬಿತ ವೀಸಾಕ್ಕೆ ಅದೇ 2025ರ ದರದಲ್ಲಿ 769 ಪೌಂಡ್ ಮತ್ತು ಸರ್‌ಚಾರ್ಜ್, 29,000ದ ಷರತ್ತು ಇಲ್ಲ. ಆದರೆ 2024ರಿಂದ ಸಾಮಾನ್ಯ ಸ್ನಾತಕೋತ್ತರ ವಿದ್ಯಾರ್ಥಿಗಳಿಗೂ ಆಮೇಲೆ ಹೋದ ಆರೈಕೆ ಕೆಲಸಗಾರರಿಗೂ ಸಂಗಾತಿಯನ್ನು ಕರೆಸಿಕೊಳ್ಳುವ ಅವಕಾಶ ಮುಚ್ಚಿದೆ. ‘ಓದಲು ಹೋಗಿದ್ದಾನೆ, ಮದುವೆ ಮಾಡಿ ಕಳುಹಿಸೋಣ’ ಎನ್ನುವವರು ಇದನ್ನು ತಿಳಿದಿರಲಿ.

ಕೆನಡಾದ ಸಂಗಾತಿ ಪ್ರಾಯೋಜಕತ್ವ ಇವೆಲ್ಲಕ್ಕಿಂತ ಸರಳ: 2024ರ ದರದಲ್ಲಿ 1,205 ಕೆನಡಾ ಡಾಲರ್, ಬೆರಳಚ್ಚಿಗೆ 85, ಸಂಗಾತಿಯ ಮಟ್ಟಿಗೆ ಸಾಮಾನ್ಯವಾಗಿ ಕನಿಷ್ಠ ಆದಾಯದ ಷರತ್ತಿಲ್ಲ. ವಿದ್ಯಾರ್ಥಿಗಳ ಸಂಗಾತಿಗೆ ಸಿಗುತ್ತಿದ್ದ, ಯಾರ ಬಳಿಯಾದರೂ ದುಡಿಯಬಹುದಾದ ಮುಕ್ತ ಕೆಲಸದ ಪರವಾನಗಿಯನ್ನು ಮಾತ್ರ 2025ರ ಜನವರಿ 21ರಿಂದ ಬಿಗಿಗೊಳಿಸಿದ್ದಾರೆ. ಸ್ನಾತಕೋತ್ತರ ಕೋರ್ಸ್ ಕನಿಷ್ಠ 16 ತಿಂಗಳಿನದ್ದಾಗಿರಬೇಕು. ಆಸ್ಟ್ರೇಲಿಯಾದ ಸಂಗಾತಿ ವೀಸಾ ದುಬಾರಿ: 2025ರ ಜುಲೈನಿಂದ 9,365 ಆಸ್ಟ್ರೇಲಿಯಾ ಡಾಲರ್, ತಾತ್ಕಾಲಿಕ ಮತ್ತು ಕಾಯಂ ಎರಡೂ ಹಂತಕ್ಕೆ ಸೇರಿ. ಜರ್ಮನಿಗೆ ಶುಲ್ಕ 75 ಯೂರೊ ಮಾತ್ರ. ಅಲ್ಲಿ ಹಣಕ್ಕಿಂತ ಹೆಚ್ಚು ಸಮಯ ಹೋಗುವುದು ಜರ್ಮನ್ ಭಾಷೆಯ ಎ1 ಪರೀಕ್ಷೆಗೆ. ಇಂದಿರಾನಗರದ ಮ್ಯಾಕ್ಸ್‌ಮುಲ್ಲರ್ ಭವನದ ತರಗತಿಗಳಲ್ಲಿ ಹೊಸ ಮದುಮಕ್ಕಳು ಕಾಣಸಿಗುವುದು ಇದರಿಂದಲೇ. ಅಲ್ಲಿರುವ ಸಂಗಾತಿಗೆ ಇಯು ಬ್ಲೂ ಕಾರ್ಡ್ (ಯುರೋಪಿನಲ್ಲಿ ಉನ್ನತ ಕೌಶಲದ ಉದ್ಯೋಗಿಗಳಿಗೆ ಕೊಡುವ ಪರವಾನಗಿ) ಇದ್ದರೆ ಆ ಪರೀಕ್ಷೆಯಿಂದ ವಿನಾಯಿತಿ ಇದೆ. ಬೆಂಗಳೂರಿನ ಎಂಜಿನಿಯರುಗಳಲ್ಲಿ ಹಲವರ ಬಳಿ ಆ ಕಾರ್ಡ್ ಇದ್ದೂ ಹೆಂಡತಿಯನ್ನು ಸುಮ್ಮನೆ ತರಗತಿಗೆ ಕಳುಹಿಸುತ್ತಾರೆ. ಭಾಷೆ ಕಲಿತರೆ ನಷ್ಟವೇನಿಲ್ಲ ಬಿಡಿ, ಆದರೆ ವೀಸಾಕ್ಕೆಂದು ಕಾಯಬೇಕಿಲ್ಲ.

ಇನ್ನು ಕಾಗದಗಳು. ಮದುವೆ ನೋಂದಣಿಗೆ ವಯಸ್ಸಿನ ದಾಖಲೆ, ವಿಳಾಸದ ದಾಖಲೆ, ಲಗ್ನಪತ್ರಿಕೆ, ಶಾಸ್ತ್ರದ ಚಿತ್ರ, ಸಾಕ್ಷಿಗಳು. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶ ಬಂದ ಮೇಲೆ ಅರ್ಜಿ ಸಲ್ಲಿಸುವುದು ಸುಲಭವಾಗಿದೆ. ನಿಜವಾದ ತಲೆನೋವು ನಮ್ಮ ಹೆಸರುಗಳದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ತಂದೆಯ ಪೂರ್ಣ ಹೆಸರು, ಪಾಸ್‌ಪೋರ್ಟಿನಲ್ಲಿ ಊರಿನ ಹೆಸರೂ ಸೇರಿ ಇನ್ನೊಂದು. ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರಿನ ಜಾಗವೇ ಖಾಲಿ ಇರುವವರು ಇಂದಿಗೂ ಸಿಗುತ್ತಾರೆ, ಮತ್ತು ಅಮೆರಿಕದ ವಲಸೆ ವೀಸಾಕ್ಕೆ ಆ ಪ್ರಮಾಣಪತ್ರ ಬೇಕೇ ಬೇಕು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರಿಗೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂಬ ಮೂರಕ್ಷರ (ಮೊದಲ ಹೆಸರು ಗೊತ್ತಿಲ್ಲ ಎಂಬುದರ ಇಂಗ್ಲಿಷ್ ಸಂಕ್ಷಿಪ್ತ ರೂಪ) ಬೀಳುತ್ತದೆ. ಆಮೇಲೆ ಬ್ಯಾಂಕಿನಲ್ಲೂ ಚಾಲನಾ ಪರವಾನಗಿಯಲ್ಲೂ ಅದೇ ಅವರ ಹೆಸರಾಗಿ ಬಿಡುತ್ತದೆ. ಪಾಸ್‌ಪೋರ್ಟನ್ನು ತಾಯಿಬೇರೆಂದು ಹಿಡಿದು, ಮದುವೆ ಪ್ರಮಾಣಪತ್ರದಲ್ಲಿ ಅಕ್ಷರಕ್ಷರವೂ ಅದರಂತೆಯೇ ಬರೆಸಿ.

ಅಪಾಸ್ಟಿಲ್ (ದಾಖಲೆ ವಿದೇಶದಲ್ಲಿ ಸಲ್ಲಲೆಂದು ಸರ್ಕಾರ ಹಾಕುವ ದೃಢೀಕರಣ ಮುದ್ರೆ) ಎಂದು ಹೇಳಿ ಹಣ ಕೀಳುವವರ ಬಗ್ಗೆಯೂ ಒಂದು ಮಾತು. ಯುರೋಪಿನ ಹಲವು ದೇಶಗಳಿಗೆ ಅದು ಬೇಕಾಗುತ್ತದೆ. ಅಮೆರಿಕ, ಬ್ರಿಟನ್, ಕೆನಡಾದ ಸಂಗಾತಿ ವೀಸಾಕ್ಕೆ ಮದುವೆ ಪ್ರಮಾಣಪತ್ರದ ಮೇಲೆ ಅಪಾಸ್ಟಿಲ್ ಬೇಕಿಲ್ಲ. ಕನ್ನಡದಲ್ಲಿರುವ ದಾಖಲೆಗೆ ದೃಢೀಕೃತ ಇಂಗ್ಲಿಷ್ ಅನುವಾದ ಸಾಕು. ಹಾಗೆಯೇ, 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾಯಿತೆಂದು ಇಲ್ಲೇ ಸಂದರ್ಶನ ಆಗುತ್ತದೆಂದು ನಂಬಿಸುವವರಿದ್ದಾರೆ. ಆ ಕಾನ್ಸುಲೇಟ್ ತೆರೆದದ್ದು ವೀಸಾ ಸೇವೆಯಿಲ್ಲದೆ. ಕುಟುಂಬದ ಮೂಲಕ ಹೋಗುವ ವಲಸೆ ವೀಸಾದ ಸಂದರ್ಶನಕ್ಕೆ ಸಾಮಾನ್ಯವಾಗಿ ಮುಂಬೈಗೇ ಹೋಗಬೇಕು, ಎಚ್-4ಕ್ಕೆ ನಮ್ಮವರು ಹೆಚ್ಚಾಗಿ ಹಿಡಿಯುವುದು ಚೆನ್ನೈ ಅಥವಾ ಹೈದರಾಬಾದಿನ ದಾರಿ. ಇಬ್ಬರ ಪ್ರಯಾಣ, ಒಂದೆರಡು ದಿನದ ವಸತಿಯನ್ನೂ ಖರ್ಚಿನ ಪಟ್ಟಿಗೆ ಸೇರಿಸಿಕೊಳ್ಳಿ.

ಮದುವೆಯಾದ ಕೂಡಲೇ ಪಾಸ್‌ಪೋರ್ಟಿನಲ್ಲಿ ಗಂಡನ ಹೆಸರು ಸೇರಿಸಲೇಬೇಕೆಂದು ಪಾಸ್‌ಪೋರ್ಟ್ ಕೇಂದ್ರಕ್ಕೆ ಓಡುವವರು ಬಹಳ. ಮೇಲೆ ಹೇಳಿದ ಅಮೆರಿಕ, ಬ್ರಿಟನ್, ಕೆನಡಾದ ದಾರಿಗಳಿಗೆ ಅದು ಕಡ್ಡಾಯವಲ್ಲ. ಸಂಬಂಧಕ್ಕೆ ಮದುವೆ ಪ್ರಮಾಣಪತ್ರವೇ ಆಧಾರ. ಅರ್ಜಿ ಹಾಕಿದ ಮೇಲೆ ಪಾಸ್‌ಪೋರ್ಟ್ ಬದಲಾಯಿಸಿದರೆ ಸಂಖ್ಯೆಯೂ ಬದಲಾಗಿ, ಹಳೆಯ ಸಂಖ್ಯೆಯಲ್ಲಿ ಸಲ್ಲಿಸಿದ ಎಲ್ಲವನ್ನೂ ತಿದ್ದಿಸಬೇಕಾಗುತ್ತದೆ. ಹೆಸರು ಬದಲಿಸುವ ಆಸೆ ಇದ್ದರೆ ಅರ್ಜಿಗೆ ಮೊದಲೇ ಮುಗಿಸಿ, ಇಲ್ಲವೇ ವೀಸಾ ಕೈಗೆ ಬಂದು ಅಲ್ಲಿ ನೆಲೆ ನಿಂತ ಮೇಲೆ ಇಟ್ಟುಕೊಳ್ಳಿ.