ಅವನಿಗೆ ಗೊತ್ತಿತ್ತಾ? ಗುರುತು ಕಳವಿನ ಕಾನೂನು ನಡೆದು ಬಂದ ದಾರಿ

1948ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಒಬ್ಬ ಜಿಂಕೆ ಬೇಟೆಗೆ ಹೋದ. ಜಿಂಕೆ ಸಿಗಲಿಲ್ಲ. ವಾಯುಪಡೆಯ ಅಭ್ಯಾಸದ ಬಯಲಿನಲ್ಲಿ ತುಕ್ಕು ಹಿಡಿದ ಬಾಂಬ್ ಕವಚಗಳು ಬಿದ್ದಿದ್ದವು. ಖರ್ಚಾದರೂ ಹುಟ್ಟಲಿ ಅಂತ ಹಾಡಹಗಲೇ ಲಾರಿಗೆ ತುಂಬಿ, ಟ್ರ್ಯಾಕ್ಟರ್‌ ಹತ್ತಿಸಿ ಚಪ್ಪಟೆ ಮಾಡಿ, ಗುಜರಿಗೆ ಮಾರಿದ. ಗಿಟ್ಟಿದ್ದು 84 ಡಾಲರ್. ಸರ್ಕಾರಿ ಆಸ್ತಿ ಕದ್ದ ಅಂತ ಕೇಸು ಬಿತ್ತು. 1952ರಲ್ಲಿ ಸುಪ್ರೀಂ ಕೋರ್ಟ್ ಆ ಶಿಕ್ಷೆ ರದ್ದು ಮಾಡಿತು. ಕದಿಯುವ ಮನಸ್ಸಿತ್ತೇ ಎಂದು ನೋಡದೆ ಕಳ್ಳ ಅನ್ನುವಂತಿಲ್ಲ ಎಂದಿತು.

ಆದರೂ ಎಷ್ಟೋ ಕಾನೂನುಗಳು ಆ ಮನಸ್ಸಿನ ವಿಷಯವನ್ನೇ ಎತ್ತುತ್ತಿರಲಿಲ್ಲ. 2014ರಲ್ಲಿ ಒಹಾಯೋ ಒಂದು ನಿಯಮ ತಂದಿತು: ಹೊಸ ಅಪರಾಧ ಸೃಷ್ಟಿಸುವ ಕಾನೂನು ಯಾವ ಉದ್ದೇಶ ಸಾಬೀತಾಗಬೇಕು ಎಂದು ಹೇಳಲೇಬೇಕು, ಇಲ್ಲದಿದ್ದರೆ ಅದು ಅಸಿಂಧು. ಮರುವರ್ಷ ಮಿಷಿಗನ್ ಕೂಡ, ಕೆಲವು ವಿನಾಯಿತಿ ಇಟ್ಟುಕೊಂಡು, ಕಾನೂನು ಉದ್ದೇಶದ ಬಗ್ಗೆ ಏನೂ ಹೇಳದಿದ್ದರೂ ಅದು ಸಾಬೀತಾಗಬೇಕು ಎಂದು ಕಾನೂನು ಮಾಡಿತು.

ಗುರುತು ಕಳವಿನಲ್ಲಿ, ಅಂದರೆ ಬೇರೆಯವರ ಹೆಸರು, ನಂಬರ್ ಬಳಸಿಕೊಳ್ಳುವುದರಲ್ಲಿ, ಈ ಪ್ರಶ್ನೆ ಜಾಸ್ತಿ ಕಾಡುತ್ತದೆ. 1996ರಲ್ಲಿ ಅರಿಜೋನಾ ಇದನ್ನು ಪ್ರತ್ಯೇಕ ಅಪರಾಧ ಮಾಡಿದ ಮೊದಲ ರಾಜ್ಯವಾಯಿತು. 2004ರ ಕೇಂದ್ರ ಕಾನೂನು ಕೆಲವು ಪ್ರಕರಣಗಳಿಗೆ ಎರಡು ವರ್ಷ ಹೆಚ್ಚುವರಿ ಜೈಲು ಕಡ್ಡಾಯ ಮಾಡಿತು. ಇಲಿನಾಯ್ಸ್‌ನ ಉಕ್ಕಿನ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದ ಮೆಕ್ಸಿಕೋದ ಕಾರ್ಮಿಕನೊಬ್ಬ 2000ದಲ್ಲಿ ಕೊಟ್ಟ ನಕಲಿ ಸೋಷಿಯಲ್ ಸೆಕ್ಯುರಿಟಿ ನಂಬರ್ (ಕೆಲಸಕ್ಕೆ, ತೆರಿಗೆಗೆ ಬೇಕಾಗುವ ಸರ್ಕಾರಿ ಗುರುತಿನ ಸಂಖ್ಯೆ) ಯಾರದ್ದೂ ಆಗಿರಲಿಲ್ಲ. 2006ರಲ್ಲಿ ತನ್ನದೇ ಹೆಸರಿಟ್ಟು ಕೊಟ್ಟ ನಂಬರ್ ಮಾತ್ರ ಬೇರೊಬ್ಬರದ್ದಾಗಿತ್ತು. ಅದು ಅವನಿಗೆ ಗೊತ್ತಿತ್ತಾ? ಆ ಎರಡು ವರ್ಷ ಸೇರಿಸಬೇಕಾದರೆ, ಗೊತ್ತಿತ್ತು ಎಂದು ಸರ್ಕಾರವೇ ಸಾಬೀತು ಮಾಡಬೇಕು ಎಂದು 2009ರ ಮೇನಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ತೀರ್ಪು ಕೊಟ್ಟಿತು.

ಒಂದು ವರ್ಷ ಮೊದಲೇ ಬರಬೇಕಿದ್ದ ತೀರ್ಪು ಅದು. 2008ರ ಮೇನಲ್ಲಿ ಅಯೋವಾದ ಪೋಸ್ಟ್‌ವಿಲ್‌ನ ಮಾಂಸದ ಕಾರ್ಖಾನೆಯಲ್ಲಿ ವಲಸೆ ಅಧಿಕಾರಿಗಳು 389 ಜನರನ್ನು ಹಿಡಿದರು. ಜಾನುವಾರು ಪ್ರದರ್ಶನದ ಮೈದಾನದಲ್ಲೇ ಕೋರ್ಟು ನಡೆಯಿತು. ಆ ಎರಡು ವರ್ಷದ ಜೈಲಿನ ಭಯ ತೋರಿಸಿದ್ದಕ್ಕೆ ನೂರಾರು ಮಂದಿ ಕೆಲವೇ ದಿನಗಳಲ್ಲಿ ತಪ್ಪೊಪ್ಪಿಕೊಂಡರು. ಹೆಚ್ಚಿನವರಿಗೆ ಐದು ತಿಂಗಳು ಜೈಲಾಯಿತು. ತೀರ್ಪು ಬರುವಷ್ಟರಲ್ಲಿ ಅವರು ಅದನ್ನು ಅನುಭವಿಸಿಯೂ ಆಗಿತ್ತು. ಇದು ಅನ್ಯಾಯ ಅಲ್ವಾ?

ರಾಜ್ಯಗಳ ಕೈಯೇನೂ ಕಟ್ಟಿಲ್ಲ. ತೆರಿಗೆ ಫಾರಂನಲ್ಲಿ ಬೇರೆಯವರ ನಂಬರ್ ಬರೆದವರ ಮೇಲೆ ಕಾನ್ಸಾಸ್ ತನ್ನ ಕಾನೂನಿನಡಿ ಕೇಸು ಹಾಕಬಹುದು ಎಂದು 2020ರಲ್ಲಿ ಸುಪ್ರೀಂ ಕೋರ್ಟಿನ 5–4ರ ತೀರ್ಪು ಬಂತು.

ಇನ್ನು ನಂಬರ್‌ನ ನಿಜವಾದ ಒಡೆಯರ ಪಾಡು. ಕದ್ದವನಿಗೆ ಗೊತ್ತಿತ್ತೋ ಇಲ್ಲವೋ, ಅವರ ಹೆಸರಲ್ಲಿ ಸಾಲ ಎದ್ದಿದ್ದರೆ ಪರದಾಟ ಅವರದ್ದೇ. ಅದಕ್ಕೆ ಕ್ಯಾಲಿಫೋರ್ನಿಯಾ 2001ರಲ್ಲೇ ಬೇರೆ ದಾರಿ ಹಿಡಿಯಿತು: ಕ್ರೆಡಿಟ್ ವರದಿಗೆ, ಅಂದರೆ ಒಬ್ಬರ ಸಾಲದ ಇತಿಹಾಸದ ದಾಖಲೆಗೆ, ಬೀಗ ಹಾಕಿಸುವ ಹಕ್ಕು. ವರದಿ ಸಿಗದಿದ್ದರೆ ಬ್ಯಾಂಕು ಸುಮ್ನೆ ಹೊಸ ಸಾಲ ಕೊಡುವುದಿಲ್ಲ. ಒಂದೊಂದೇ ರಾಜ್ಯ ಇದನ್ನು ಅನುಸರಿಸಿತು. 2017ರಲ್ಲಿ ಇಂಥ ವರದಿ ಇಡುವ ಈಕ್ವಿಫ್ಯಾಕ್ಸ್ ಕಂಪನಿಯಿಂದ ಸುಮಾರು 14.7 ಕೋಟಿ ಜನರ ಮಾಹಿತಿ ಸೋರಿದ ಮೇಲೆ, 2018ರ ಸೆಪ್ಟೆಂಬರ್‌ನಿಂದ ಇಡೀ ದೇಶದಲ್ಲಿ ಈ ಬೀಗ ಉಚಿತವಾಯಿತು. ನನ್ನ ಮಟ್ಟಿಗೆ, ಜೈಲಿನ ವರ್ಷ ಏರಿಸಿದ್ದಕ್ಕಿಂತ ದೊಡ್ಡ ಕೆಲಸ ಇದು.

ಅಲ್ಲಿರುವ ನಮ್ಮ ಕನ್ನಡದ ಮನೆಗಳಿಗೂ ಇದು ಬೇಕಾದದ್ದೇ. ಮೂರು ಕ್ರೆಡಿಟ್ ಕಂಪನಿಗಳಿಗೂ ಬೇರೆ ಬೇರೆ ಹೇಳಬೇಕು. ಫೋನ್‌ನಲ್ಲೋ ಆನ್‌ಲೈನ್‌ನಲ್ಲೋ ಕೇಳಿದರೆ ಒಂದು ಕೆಲಸದ ದಿನದೊಳಗೆ ಬೀಗ ಬೀಳುತ್ತದೆ, ತೆಗೆಸಲು ಒಂದು ಗಂಟೆ ಸಾಕು. 16 ತುಂಬದ ಮಕ್ಕಳ ಹೆಸರಿಗೆ ಅಪ್ಪ ಅಮ್ಮನೇ ಹಾಕಿಸಬಹುದು.