ಡಬ್ಬದ ಮೇಲಿನ ವ್ಯಾಟ್, ಅಡಾಪ್ಟರ್ ಮೇಲಿನ ವೋಲ್ಟ್

ಕಳೆದ ಭಾನುವಾರ ನಮ್ಮ ಮನೆ ಮಹಡಿ ಮೇಲೆ ಸೇರಿದಾಗ ಬರಲಾಗದವರಿಗೆ ಈ ಟಿಪ್ಪಣಿ. ಬಂದವರಿಗೂ ಬೇಕಾಗಬಹುದು. ಅವತ್ತು ಹಾಡು ಕೇಳಿದ್ದೇ ಜಾಸ್ತಿ, ಲೆಕ್ಕ ಮಾಡಿದ್ದು ಕಡಿಮೆ.

ವಿಷಯ ಇಷ್ಟೇ. ಅಪ್ಪನ ಕಾಲದ ಒಂದು ಜೊತೆ ಸ್ಪೀಕರ್ ಇದೆ. ಅದರ ಜೊತೆಗಿದ್ದ ಟೇಪ್ ಡೆಕ್ ಕೆಟ್ಟು ಎಷ್ಟೋ ವರ್ಷ ಆಯಿತು. ಸ್ಪೀಕರ್ ಮಾತ್ರ ಇನ್ನೂ ಗಟ್ಟಿ. ಫೋನಿನಲ್ಲಿ ಕೇಳುವ ಹಾಡನ್ನು ಆ ಸ್ಪೀಕರಿಗೆ ತಲುಪಿಸಬೇಕು, ಜೇಬಿಗೆ ಭಾರ ಆಗಬಾರದು. ಕೋಲಾರದ ಹಳೇ ಮನೆಗಳ ಅಟ್ಟದಲ್ಲಿ ಇಂಥ ಸ್ಪೀಕರ್ ಎಷ್ಟೋ ಇವೆ. ನಿಮ್ಮ ಮನೆಯದನ್ನೂ ಒಮ್ಮೆ ಹುಡುಕಿ.

ಹಾಡು ಸ್ಪೀಕರ್ ಸೇರುವ ಮೊದಲು ಮೂರು ಕೈ ದಾಟುತ್ತದೆ. ಇಂಟರ್ನೆಟ್ಟಿನಿಂದ ತರುವುದು ಸ್ಟ್ರೀಮರ್. ಸೊನ್ನೆ-ಒಂದುಗಳನ್ನು ವೋಲ್ಟೇಜ್ ಮಾಡುವುದು ಡ್ಯಾಕ್. ಆ ಸಣ್ಣ ವೋಲ್ಟೇಜಿಗೆ ಬಲ ಕೊಟ್ಟು ಕೋನ್ ಅಲ್ಲಾಡಿಸುವುದು ಆಂಪ್ಲಿಫೈಯರ್. ನಾವು ಆಂಪ್ಲಿಫೈಯರಿನಿಂದ ಶುರು ಮಾಡೋಣ. ಸುಳ್ಳು ಜಾಸ್ತಿ ಇರುವುದು ಅಲ್ಲೇ.

ಅಡಾಪ್ಟರ್ ತಿರುಗಿಸಿ ಓದಿ

ಅಂಗೈ ಅಗಲದ ಆಂಪ್ಲಿಫೈಯರ್‌ಗಳನ್ನು ನೀವು ಆನ್‌ಲೈನಿನಲ್ಲಿ ನೋಡಿರುತ್ತೀರಿ. ಡಬ್ಬದ ಮೇಲೆ 300 ವ್ಯಾಟ್, 600 ವ್ಯಾಟ್ ಅಂತ ದಪ್ಪಕ್ಷರದಲ್ಲಿ ಇರುತ್ತದೆ. ನಮ್ಮ ಅಣ್ಣಂದಿರ ಕಾಲದಲ್ಲಿ ಇದೇ ಸುಳ್ಳಿಗೆ ಪಿಎಂಪಿಒ ಅಂತ ಹೆಸರಿತ್ತು. ಕೈಯಲ್ಲಿ ಎತ್ತಿಕೊಂಡು ಓಡಾಡುವ ಟೇಪ್ ರೆಕಾರ್ಡರ್ ಮೇಲೂ ಸಾವಿರದ ಲೆಕ್ಕದಲ್ಲಿ ವ್ಯಾಟ್!

ಡಬ್ಬ ಬಿಡಿ. ಜೊತೆಗೆ ಬಂದ ಅಡಾಪ್ಟರ್ ತಿರುಗಿಸಿ. ಅದರ ಹಿಂದೆ ವೋಲ್ಟ್ ಎಷ್ಟು, ಆಂಪಿಯರ್ ಎಷ್ಟು ಅಂತ ಇರುತ್ತದೆ. ನಿಜ ಇರುವುದು ಅಲ್ಲಿ.

ಈ ಸಣ್ಣ ಆಂಪ್ಲಿಫೈಯರ್‌ಗಳು ಬಹುಪಾಲು ಬ್ರಿಡ್ಜ್ ಜೋಡಣೆಯವು. ಸ್ಪೀಕರಿನ ಎರಡೂ ತುದಿಯನ್ನು ಎದುರುಬದುರಾಗಿ ಎಳೆಯುತ್ತವೆ. ಹಾಗಾಗಿ ಸ್ಪೀಕರಿಗೆ ಸಿಗುವ ಅತಿ ಹೆಚ್ಚಿನ ವೋಲ್ಟೇಜ್ ಅಂದರೆ ಹೆಚ್ಚೂಕಡಿಮೆ ಅಡಾಪ್ಟರಿನ ವೋಲ್ಟೇಜೇ. ಲೆಕ್ಕ ಹೀಗೆ: ವೋಲ್ಟನ್ನು ಅದರಿಂದಲೇ ಗುಣಿಸಿ. ಬಂದದ್ದನ್ನು ಸ್ಪೀಕರಿನ ಓಮ್‌ನ ಎರಡರಷ್ಟರಿಂದ ಭಾಗಿಸಿ. ಸದ್ದು ಒಡೆಯದೆ ಒಂದು ಚಾನೆಲ್ಲಿಗೆ ಸಿಗುವ ವ್ಯಾಟ್ ಇದನ್ನು ದಾಟುವುದಿಲ್ಲ. ಎರಡರಷ್ಟು ಯಾಕೆ ಅಂತ ಅವತ್ತು ಯಾರೋ ಕೇಳಿದರು. ಅಡಾಪ್ಟರಿನ ವೋಲ್ಟ್ ಅನ್ನುವುದು ಅಲೆಯ ತುದಿ. ಸೈನ್ ಅಲೆಯ ಆರ್‌ಎಂಎಸ್ ಬೆಲೆ, ಅಂದರೆ ನಿಜಕ್ಕೂ ಕೆಲಸಕ್ಕೆ ಬರುವ ಬೆಲೆ, ತುದಿಯ 0.707 ಪಟ್ಟು. ಅದರ ವರ್ಗ ಅರ್ಧ. ಆ ಅರ್ಧವೇ ಕೆಳಗೆ ಎರಡಾಗಿ ಕೂತಿದೆ.

ಹಳೇ ಲ್ಯಾಪ್‌ಟಾಪ್ ಚಾರ್ಜರ್ ತೆಗೆದುಕೊಳ್ಳೋಣ. ನನ್ನದರ ಮೇಲೆ 19 ವೋಲ್ಟ್, 3.42 ಆಂಪಿಯರ್ ಅಂತಿದೆ. 19 ಗುಣಿಸು 19 ಅಂದರೆ 361. ಸ್ಪೀಕರ್ 8 ಓಮ್ ಆದರೆ 16ರಿಂದ ಭಾಗಿಸಿ. 22.5 ವ್ಯಾಟ್. ಸ್ಪೀಕರ್ 4 ಓಮ್ ಆದರೆ 45 ವ್ಯಾಟ್. ಇಲ್ಲಿ ಇನ್ನೊಂದು ತಡೆ ಇದೆ. 19ನ್ನು 3.42ರಿಂದ ಗುಣಿಸಿದರೆ 65 ವ್ಯಾಟ್. ಆ ಚಾರ್ಜರ್ ಕೊಡುವುದೇ ಅಷ್ಟು. 4 ಓಮ್‌ನ ಎರಡು ಸ್ಪೀಕರಿಗೆ 45ರಂತೆ 90 ಬೇಕು. ಇರುವುದು 65, ಕೊಡುವುದೆಲ್ಲಿಂದ? ಹಾಡಿನಲ್ಲಿ ಸದ್ದು ಯಾವಾಗಲೂ ತುದಿಯಲ್ಲಿ ಇರುವುದಿಲ್ಲವಾದ್ದರಿಂದ ಮನೆಯಲ್ಲಿ ಇದು ಸಾಕಾಗುತ್ತದೆ. ಆದರೆ 90 ಅಂತ ಹೇಳಿ ಮಾರಬಾರದು, ಅಲ್ವಾ?

ಈಗ 300 ವ್ಯಾಟಿನ ಡಬ್ಬಕ್ಕೆ ಬನ್ನಿ. ಜೊತೆಗೆ 32 ವೋಲ್ಟ್, 5 ಆಂಪಿಯರ್ ಅಡಾಪ್ಟರ್ ಇದೆ ಅಂದುಕೊಳ್ಳಿ. 8 ಓಮ್‌ಗೆ 64 ವ್ಯಾಟ್. ಅಡಾಪ್ಟರಿನ ಒಟ್ಟು ಶಕ್ತಿ 160. ಹಾಗಾದರೆ 300 ಬಂದದ್ದು ಎಲ್ಲಿಂದ? ಚಿಪ್ಪಿನಿಂದ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸಿನ ಟಿಪಿಎ3255 ಚಿಪ್ ಚಾನೆಲ್ಲಿಗೆ 315 ವ್ಯಾಟ್ ಕೊಡುತ್ತದೆ. ಅದು ಸುಳ್ಳಲ್ಲ. ಆದರೆ ಅದಕ್ಕೆ 50 ವೋಲ್ಟ್ ದಾಟಿದ ಸಪ್ಲೈ ಬೇಕು, 4 ಓಮ್ ಸ್ಪೀಕರ್ ಬೇಕು, 10% ಡಿಸ್ಟಾರ್ಷನ್, ಅಂದರೆ ಒಡೆದ ಸದ್ದು, ಸಹಿಸುವ ಕಿವಿ ಬೇಕು. ಡಬ್ಬ ಮಾಡುವವರು ಅಂಕಿ ಇಟ್ಟುಕೊಂಡು ಷರತ್ತು ಬಿಟ್ಟರು. ಅದರ ತಮ್ಮನಂಥ ಸಣ್ಣ ಚಿಪ್ ಟಿಪಿಎ3116ರ ಲೆಕ್ಕ ತಾಳೆ ನೋಡಿ. ಅದಕ್ಕೆ 21 ವೋಲ್ಟಿನಲ್ಲಿ, 4 ಓಮ್‌ಗೆ 50 ವ್ಯಾಟ್ ಅಂತ ಬರೆದಿದೆ. ನಮ್ಮ ಸೂತ್ರದಲ್ಲಿ 441 ಭಾಗಿಸು 8, ಅಂದರೆ 55. ಹತ್ತಿರ ಹತ್ತಿರ. ಈ ಚಿಪ್ಪಿಗೆ 26 ವೋಲ್ಟ್ ಮೀರಿ ಕೊಡಬೇಡಿ.

ಮನೆಗೆ ನಿಜಕ್ಕೂ ಎಷ್ಟು ವ್ಯಾಟ್ ಬೇಕು? ಸ್ಪೀಕರಿನ ಸೆನ್ಸಿಟಿವಿಟಿ ನೋಡಿ. 86 ಡೆಸಿಬಲ್ ಅಂತಿದ್ದರೆ, 1 ವ್ಯಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಅಷ್ಟು ಸದ್ದು. ವ್ಯಾಟ್ ದುಪ್ಪಟ್ಟಾದರೆ 3 ಡೆಸಿಬಲ್ ಸೇರುತ್ತದೆ, ಹತ್ತು ಪಟ್ಟಾದರೆ 10. ಹಾಗಾಗಿ 20 ವ್ಯಾಟಿಗೆ 99. ಬಯಲಿನಲ್ಲಾದರೆ 3 ಮೀಟರ್ ದೂರಕ್ಕೆ ಸುಮಾರು 9.5 ಕಳೆಯುತ್ತದೆ. ಹಾಲ್‌ನಲ್ಲಿ ಗೋಡೆಗಳು ಸ್ವಲ್ಪ ಮರಳಿಸುತ್ತವೆ, ಎರಡನೇ ಸ್ಪೀಕರ್ ಇನ್ನೊಂದಿಷ್ಟು ಸೇರಿಸುತ್ತದೆ. 90 ದಾಟಿತು. ಪಕ್ಕದ ಮನೆಯವರು ಬಾಗಿಲು ತಟ್ಟುವುದಕ್ಕೆ ಅಷ್ಟು ಸಾಕು. ಕಿವಿಗೆ ಸದ್ದು ದುಪ್ಪಟ್ಟು ಅನ್ನಿಸಲು ಸುಮಾರು 10 ಡೆಸಿಬಲ್ ಏರಬೇಕು, ಅಂದರೆ ಹತ್ತು ಪಟ್ಟು ವ್ಯಾಟ್. 50ರಿಂದ 100 ವ್ಯಾಟಿಗೆ ಹೋಗಲು ದುಡ್ಡು ಸುರಿದರೆ ಸಿಗುವುದು ಬರೀ 3. ಅದೇ ದುಡ್ಡಿನಲ್ಲಿ 90 ಡೆಸಿಬಲ್‌ನ ಸ್ಪೀಕರ್ ಸಿಕ್ಕರೆ ಅದನ್ನು ತನ್ನಿ.

ಕ್ಲಾಸ್ ಡಿ ಅಂದರೆ ಡ್ರಿಪ್ಪಿನ ವಾಲ್ವ್

ಈ ಅಂಗೈ ಅಗಲದ ಆಂಪ್ಲಿಫೈಯರ್‌ಗಳು ಕ್ಲಾಸ್ ಡಿ ಅನ್ನುವ ಬಗೆಯವು. ಡಿ ಅಂದರೆ ಡಿಜಿಟಲ್ ಅಲ್ಲ. ಎ, ಬಿ, ಸಿ ಆದಮೇಲೆ ಬಂದದ್ದು, ಅಷ್ಟೇ.

ನಮ್ಮ ಕಡೆ ಟೊಮೆಟೊ ತೋಟ ನೋಡದವರು ಯಾರೂ ಇಲ್ಲ. ಗೇಟ್‌ವಾಲ್ವನ್ನು ಅರ್ಧ ತಿರುಗಿಸಿ ನೀರು ಬಿಟ್ಟರೆ ಏನಾಗುತ್ತದೆ? ಮೋಟರ್ ಪೂರ್ತಿ ತಳ್ಳುತ್ತದೆ, ವಾಲ್ವ್ ತಡೆಯುತ್ತದೆ, ಆ ಬಲ ಅಲ್ಲೇ ದಂಡ. ಹಳೇ ಕ್ಲಾಸ್ ಎಬಿ ಆಂಪ್ಲಿಫೈಯರಿನ ಟ್ರಾನ್ಸಿಸ್ಟರ್ ಹೀಗೆ ಅರ್ಧ ತೆರೆದ ವಾಲ್ವ್. ದಂಡವಾದದ್ದು ಬಿಸಿಯಾಗುತ್ತದೆ. ಅದಕ್ಕೇ ಅವುಗಳ ಬೆನ್ನಿಗೆ ಅಷ್ಟು ದೊಡ್ಡ ಹೀಟ್ ಸಿಂಕ್. ಕ್ಲಾಸ್ ಡಿಯಲ್ಲಿ ವಾಲ್ವ್ ಒಂದೋ ಪೂರ್ತಿ ತೆರೆದಿರುತ್ತದೆ, ಇಲ್ಲವೇ ಪೂರ್ತಿ ಮುಚ್ಚಿರುತ್ತದೆ. ನೀರು ಎಷ್ಟು ಬೇಕೋ ಅಷ್ಟು ಹೊತ್ತು ತೆರೆದರಾಯಿತು. ಟಿಪಿಎ3116ರಲ್ಲಿ ಈ ತೆರೆ-ಮುಚ್ಚು ಸೆಕೆಂಡಿಗೆ ಕಡಿಮೆ ಅಂದರೂ 4 ಲಕ್ಷ ಸಲ ನಡೆಯುತ್ತದೆ. ತೆರೆದ ಹೊತ್ತು ಹಾಡಿನ ಏರಿಳಿತದ ಹಾಗೆ ಹಿಗ್ಗಿ ಕುಗ್ಗುತ್ತದೆ. ಡ್ರಿಪ್ಪಿನಲ್ಲಿ ನೀರು ಹನಿ ಹನಿಯಾಗಿ ಬಿದ್ದರೂ ಬೇರಿಗೆ ಸಿಗುವುದು ಒಂದೇ ಸಮನೆ ಹಸಿ. ನಡುವೆ ಮಣ್ಣು ಇದೆಯಲ್ಲ, ಅದರ ಕೆಲಸವನ್ನು ಇಲ್ಲಿ ಕಾಯಿಲ್ ಮತ್ತು ಕೆಪಾಸಿಟರ್ ಮಾಡುತ್ತವೆ. ಹೋಗುವ ಶಕ್ತಿಯಲ್ಲಿ ಸುಮಾರು 90% ಸ್ಪೀಕರ್ ಸೇರುತ್ತದೆ. ಹಾಗಾಗಿಯೇ ಅಂಗೈ ಅಗಲದ ಡಬ್ಬ.

ಬ್ರಿಡ್ಜ್ ಜೋಡಣೆ ಅಂದೆನಲ್ಲ, ಅದರಿಂದ ನನಗೆ ಒಂದು ಏಟು ಬಿತ್ತು. ನಮ್ಮ ಹಾಲ್‌ನ ಗೋಡೆಯೊಳಗೆ ಅಪ್ಪ ಮೂರೆಳೆ ವೈರ್ ಎಳೆದಿದ್ದರು. ಎಡದ ಪ್ಲಸ್, ಬಲದ ಪ್ಲಸ್, ಎರಡಕ್ಕೂ ಸೇರಿ ಒಂದೇ ಮೈನಸ್. ಹಳೇ ಡೆಕ್ಕಿಗೆ ಅದು ಸರಿಯಾಗಿಯೇ ಇತ್ತು. ನಾನು ಹೊಸ ಆಂಪ್ಲಿಫೈಯರ್ ಬೋರ್ಡನ್ನು ಅದಕ್ಕೇ ಸೇರಿಸಿದೆ. ಟಿಕ್ ಅಂದು ನಿಂತಿತು. ಪ್ರೊಟೆಕ್ಷನ್ ತನ್ನ ಕೆಲಸ ಮಾಡಿತ್ತು, ಅಲ್ಲಿಗೇ ಬಿಡಬೇಕಿತ್ತು. ನಾನು ಹಟಕ್ಕೆ ಬಿದ್ದು ಮತ್ತೆ ಮತ್ತೆ ಆನ್ ಮಾಡಿದೆ. ನಾಲ್ಕನೇ ಸಲಕ್ಕೆ ಸುಟ್ಟ ವಾಸನೆ. ಬ್ರಿಡ್ಜ್‌ನಲ್ಲಿ ಮೈನಸ್ ಅನ್ನುವುದು ಗ್ರೌಂಡ್ ಅಲ್ಲ, ಅಲ್ಲೂ ಜೀವಂತ ಸಿಗ್ನಲ್ ಓಡುತ್ತಿರುತ್ತದೆ. ಎರಡು ಚಾನೆಲ್ಲಿನ ಮೈನಸ್ ಒಂದಕ್ಕೊಂದು ತಾಗಿಸಬೇಡಿ, ಯಾವುದನ್ನೂ ಡಬ್ಬಿಯ ತಗಡಿಗೆ ತಾಗಿಸಬೇಡಿ. ಈಗ ನಮ್ಮ ಹಾಲ್‌ನಲ್ಲಿ ನಾಲ್ಕೆಳೆ.

ವೈರಿಗೆ ಜಾಸ್ತಿ ಯೋಚನೆ ಬೇಡ. 1 ಚದರ ಮಿಲಿಮೀಟರಿನ ತಾಮ್ರದ ವೈರ್ 5 ಮೀಟರ್ ಎಳೆದರೆ, ಹೋಗಿ ಬರುವ ಎರಡೂ ಎಳೆ ಸೇರಿ ತಡೆ 0.2 ಓಮ್‌ಗಿಂತ ಕಡಿಮೆ. 8 ಓಮ್‌ನ ಎದುರು ಅದು ಲೆಕ್ಕಕ್ಕಿಲ್ಲ. ದೂರ ಹೆಚ್ಚಾದರೆ ಮಾತ್ರ ಕಥೆ ಬೇರೆ. ಆಗ ವೋಲ್ಟೇಜ್ ಏರಿಸಿ ಕರೆಂಟ್ ಇಳಿಸಬೇಕು, ವೈರಿನಲ್ಲಿ ಹೋಗುವ ನಷ್ಟ ಕರೆಂಟಿನ ವರ್ಗದಷ್ಟು ಇಳಿಯುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಕೆಜಿಎಫ್ ಗಣಿಗೆ ಸುಮಾರು 147 ಕಿ.ಮೀ. ಕರೆಂಟ್ ತಂದದ್ದು ಇದೇ ಉಪಾಯದಿಂದ. ಗಣೇಶನ ಹಬ್ಬದಲ್ಲಿ ಬೀದಿಯುದ್ದಕ್ಕೂ ಹಾರ್ನ್ ಕಟ್ಟುವ ಸೌಂಡ್ ಸರ್ವಿಸಿನವರ ಆಂಪ್ಲಿಫೈಯರ್ ಹಿಂದೆ 100 ವೋಲ್ಟ್ ಅಂತ ಟರ್ಮಿನಲ್ ಇರುವುದೂ ಇದಕ್ಕೇ. ಹಾರ್ನಿನ ಬಳಿ ಟ್ರಾನ್ಸ್‌ಫಾರ್ಮರ್ ಅದನ್ನು ಇಳಿಸುತ್ತದೆ. ಮನೆಯ 8 ಓಮ್ ಸ್ಪೀಕರನ್ನು ಮಾತ್ರ ಆ ಟರ್ಮಿನಲ್ಲಿಗೆ ಕೊಡಬೇಡಿ.

ಹಾಡು ತರುವ ಡಬ್ಬಿ

ಬ್ಲೂಟೂತ್‌ನಲ್ಲಿ ಹಾಡು ತರುವುದು ಫೋನು. ಬಿಚ್ಚಿ, ಮತ್ತೆ ಹಿಂಡಿ, ಗಾಳಿಯಲ್ಲಿ ಕಳಿಸುತ್ತದೆ. ಸಾಮಾನ್ಯ ಎಸ್‌ಬಿಸಿ ಕೋಡೆಕ್ (ಹಿಂಡುವ ವಿಧಾನ) ಸುಮಾರು 328 ಕೆಬಿಪಿಎಸ್, ಅಂದರೆ ಸೆಕೆಂಡಿಗೆ 328 ಸಾವಿರ ಬಿಟ್, ಎಲ್‌ಡ್ಯಾಕ್ 990ರ ತನಕ. ಸದ್ದಿನ ವಿಷಯದಲ್ಲಿ ನನಗೆ ದೂರಿಲ್ಲ. ದೂರು ಇರುವುದು ಬೇರೆ ಕಡೆ. ಆಲಾಪನೆ ನಡೆಯುವಾಗ ಮೆಸೇಜ್ ಬಂದರೆ ಹಾಲ್ ತುಂಬಾ ಟಣ್ ಅನ್ನುತ್ತದೆ. ಫೋನ್ ಹಿಡಿದು ಅಂಗಡಿಗೆ ಹೋದರೆ ಹಾಡೂ ಹೋಗುತ್ತದೆ. ವೈಫೈ ಸ್ಟ್ರೀಮರ್‌ನಲ್ಲಿ ಫೋನ್ ಬರೀ ರಿಮೋಟ್. ಯಾವ ಹಾಡು ಅಂತ ಹೇಳಿದರೆ ಡಬ್ಬಿಯೇ ನೆಟ್ಟಿನಿಂದ ತರುತ್ತದೆ.

ಹಾಗಂತ ಮನೆಗೆ ಸದ್ದು ಹರಿಸುವುದು ನಮ್ಮ ಜಿಲ್ಲೆಗೆ ಹೊಸದಲ್ಲ. ಬೂದಿಕೋಟೆಯ ‘ನಮ್ಮ ಧ್ವನಿ’ 2003ರಲ್ಲೇ ಕೇಬಲ್ ಮೂಲಕ ಮನೆಗಳಿಗೆ ಊರಿನ ರೇಡಿಯೋ ಮುಟ್ಟಿಸಿತ್ತು.

ಡೇಟಾ ಲೆಕ್ಕ ತಿಳಿದಿರಲಿ. ಸಿಡಿ ಸೆಕೆಂಡಿಗೆ 44,100 ಸಲ, 16 ಬಿಟ್ಟಿನಲ್ಲಿ, ಎರಡು ಚಾನೆಲ್ ಅಳೆಯುತ್ತದೆ. ಗುಣಿಸಿದರೆ 1411 ಕೆಬಿಪಿಎಸ್. ಕಿವಿ ಕೇಳುವುದು 20,000 ಹರ್ಟ್ಸ್ ತನಕ, ಅದರ ಎರಡರಷ್ಟಕ್ಕಿಂತ ಇದು ಸ್ವಲ್ಪ ಮೇಲೆ, ಸಾಕು. 320 ಕೆಬಿಪಿಎಸ್ ಹಾಡು ಗಂಟೆಗೆ 144 ಎಂಬಿ ತಿನ್ನುತ್ತದೆ. ಏನೂ ಕಳೆದುಕೊಳ್ಳದೆ ಹಿಂಡಿದ ಸಿಡಿ ಗುಣಮಟ್ಟದ ಫ್ಲ್ಯಾಕ್ ಫೈಲ್ ಆದರೆ, ಹಾಡಿಗೆ ತಕ್ಕಂತೆ, ಗಂಟೆಗೆ 350 ಎಂಬಿ ಆಸುಪಾಸು. ದಿನಕ್ಕೆ 1.5 ಜಿಬಿ ಪ್ಯಾಕ್ ಇದ್ದವರಿಗೆ ಮೊದಲನೆಯದು ಹತ್ತು ಗಂಟೆ, ಎರಡನೆಯದು ನಾಲ್ಕು ಗಂಟೆ. ಮನೆಗೆ ಫೈಬರ್ ಇದ್ದರೆ ಈ ಪ್ಯಾರಾ ಮರೆತುಬಿಡಿ.

ಎಲ್ಲಕ್ಕಿಂತ ಅಗ್ಗದ ಸ್ಟ್ರೀಮರ್ ಡ್ರಾಯರಿನಲ್ಲಿರುವ ಹಳೇ ಆಂಡ್ರಾಯ್ಡ್ ಫೋನ್. ಸ್ಕ್ರೀನ್ ಒಡೆದಿದ್ದರೂ ಪರವಾಗಿಲ್ಲ. ಹೆಡ್‌ಫೋನ್ ಜ್ಯಾಕ್ ಇಲ್ಲದಿದ್ದರೆ ಯುಎಸ್‌ಬಿ-ಸಿ ಡಾಂಗಲ್ ತನ್ನಿ, ಒಳಗೆ ಡ್ಯಾಕ್ ಇದೆಯಾ ಅಂತ ಕೇಳಿ ತನ್ನಿ. ಬರೀ ವೈರ್ ಇರುವ ಡಾಂಗಲ್ಲೂ ಮಾರುತ್ತಾರೆ, ಅದು ಎಲ್ಲ ಫೋನಿಗೂ ಆಗುವುದಿಲ್ಲ. ಫೋನ್ ಚಾರ್ಜಿಗೆ ಹಾಕಿ ಆಂಪ್ಲಿಫೈಯರಿಗೆ ಸೇರಿಸಿದಾಗ ಗುಂಯ್ ಅಂದರೆ ಚಾರ್ಜರ್ ಕಿತ್ತು ನೋಡಿ. ಸದ್ದು ನಿಂತರೆ ಅದು ಗ್ರೌಂಡ್ ಲೂಪ್, ಅಂದರೆ ಎರಡು ದಾರಿಯಲ್ಲಿ ಗ್ರೌಂಡ್ ಸೇರಿ ಕರೆಂಟ್ ಸುತ್ತುವುದು. ಸಣ್ಣ ಐಸೊಲೇಟರ್ ಟ್ರಾನ್ಸ್‌ಫಾರ್ಮರ್ ಹಾಕಿ, ಇಲ್ಲವೇ ಆಪ್ಟಿಕಲ್ ಕೇಬಲ್ ಇರುವ ಡಬ್ಬಿ ಬಳಸಿ. ಅದರಲ್ಲಿ ಹೋಗುವುದು ಬೆಳಕು, ಕರೆಂಟಿನ ಕೊಂಡಿಯೇ ಇಲ್ಲ. ಪ್ಲಗ್ಗಿನ ಅರ್ತ್ ಪಿನ್ ಮಾತ್ರ ಯಾರು ಹೇಳಿದರೂ ಮುರಿಯಬೇಡಿ.

ಕೈ ಕೆಸರು ಮಾಡಿಕೊಳ್ಳುವವರಿಗೆ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡ್. ಮೇಲೆ ಪಿಸಿಎಂ5102 ಚಿಪ್ಪಿನ ಡ್ಯಾಕ್ ಬೋರ್ಡ್ ಕೂರಿಸಿ, ವಾಲ್ಯುಮಿಯೊ ಅಥವಾ ಪೈಕೋರ್‌ಪ್ಲೇಯರ್ ಸಾಫ್ಟ್‌ವೇರ್ ಹಾಕಿದರೆ ಸ್ಟ್ರೀಮರ್ ತಯಾರು. ನಾನು ಎರಡನೆಯದನ್ನು ಆರಿಸಿದೆ. ನಮ್ಮಲ್ಲಿ ಕರೆಂಟ್ ಹೇಳದೆ ಹೋಗುತ್ತದೆ, ಬರೆಯುತ್ತಿರುವಾಗ ಹೋದರೆ ಮೆಮೊರಿ ಕಾರ್ಡ್ ಕೆಡುತ್ತದೆ. ಪೈಕೋರ್‌ಪ್ಲೇಯರ್ ಪೂರ್ತಿ ರ‍್ಯಾಮ್‌ನಲ್ಲೇ ಓಡುವುದರಿಂದ ಆ ಭಯ ಕಡಿಮೆ. ಬೋರ್ಡುಗಳಿಗೆ ಬೆಂಗಳೂರಿನ ಎಸ್‌ಪಿ ರೋಡಿಗೆ ಒಂದು ಸಲ ಹೋಗಿ ಬನ್ನಿ, ಕೈಯಲ್ಲಿ ಹಿಡಿದು ನೋಡಿ ಕೊಳ್ಳಬಹುದು.

ಸ್ಟ್ರೀಮರ್, ಆಂಪ್ಲಿಫೈಯರ್ ಎರಡೂ ಒಂದೇ ಡಬ್ಬಿಯಲ್ಲಿ ಇರುವುದು ಬೇಡ ಅನ್ನುವುದು ನನ್ನ ಹಟ. ಗೂಗಲ್‌ನ ಕ್ರೋಮ್‌ಕಾಸ್ಟ್ ಆಡಿಯೋ ಅನ್ನುವ ಸ್ಟ್ರೀಮರ್ 2015ರಲ್ಲಿ ಬಂತು, ಪುಟ್ಟ ಬಿಲ್ಲೆಯಂಥದ್ದು, ತುಂಬಾ ಜನ ಮೆಚ್ಚಿದರು. 2019ರಲ್ಲಿ ಗೂಗಲ್ ಅದನ್ನು ನಿಲ್ಲಿಸಿತು. 2025ರ ಮಾರ್ಚ್‌ನಲ್ಲಿ ಒಂದು ಡಿಜಿಟಲ್ ಸರ್ಟಿಫಿಕೇಟಿನ ಅವಧಿ ಮುಗಿದು ಅವು ಒಮ್ಮೆಲೇ ಕೆಲಸ ನಿಲ್ಲಿಸಿದವು. ಆಮೇಲೆ ಅಪ್‌ಡೇಟ್ ಬಂದು ಸರಿಹೋದವು. ಹಾರ್ಡ್‌ವೇರ್ ಪೂರ್ತಿ ಚೆನ್ನಾಗಿತ್ತು, ಕೈಕೊಟ್ಟದ್ದು ಸಾಫ್ಟ್‌ವೇರ್. ಆಂಪ್ಲಿಫೈಯರಿಗೆ ಆ ರೋಗ ಇಲ್ಲ. ಬೇರೆ ಬೇರೆ ಇದ್ದರೆ ಕೆಟ್ಟದ್ದನ್ನು ಮಾತ್ರ ಬದಲಿಸಬಹುದು.

ಮುಂದಿನ ಭಾನುವಾರ ಬರುವಾಗ ಮನೆಯಲ್ಲಿ ಸುಮ್ನೆ ಬಿದ್ದಿರುವ ಅಡಾಪ್ಟರ್ ಒಂದೊಂದು ತನ್ನಿ. ಪ್ಲಗ್ಗಿನ ನಡುವಿನ ತುದಿ ಪ್ಲಸ್ ಹೌದೋ ಅಲ್ಲವೋ ಮಲ್ಟಿಮೀಟರಿನಲ್ಲಿ ನೋಡಿಕೊಂಡು ಒಂದೊಂದಾಗಿ ಬೋರ್ಡಿಗೆ ಸೇರಿಸೋಣ. ಲೆಕ್ಕ ಮೊದಲೇ ಮಾಡಿ ಚೀಟಿಯಲ್ಲಿ ಬರೆದು ತನ್ನಿ. ಸುಡಲು ನನ್ನ ಹತ್ತಿರ ಇನ್ನು ಒಂದೇ ಬೋರ್ಡ್ ಉಳಿದಿದೆ.